ಡಿಸೆಂಬರ್ ನೋಡುವುದಕ್ಕೆ, ಜನವರಿ ದುಡಿಯುವುದಕ್ಕೆ: ಚಿಕಾಗೋ ಬಡಾವಣೆಯ ಚಳಿಗಾಲ

ಚಿಕಾಗೋಗೆ ಹೊಸದಾಗಿ ಬಂದವರಿಗೆ ಸ್ವಯಂಸೇವೆಯ ಹುಮ್ಮಸ್ಸು ಬರುವುದು ಬಹುತೇಕ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ. ತೊಂದರೆ ಏನೆಂದರೆ, ಊರಿಗೆಲ್ಲ ಆ ಹುಮ್ಮಸ್ಸು ಬರುವುದೂ ಅದೇ ವಾರ. ಬಡವರಿಗೆ ಉಚಿತವಾಗಿ ದಿನಸಿ ಹಂಚುವ ಫುಡ್ ಪ್ಯಾಂಟ್ರಿಗಳ ಶನಿವಾರದ ಪಾಳಿಗಳು ಅಷ್ಟರಲ್ಲಿ ತುಂಬಿ ಹೋಗಿರುತ್ತವೆ. ಜನವರಿ ನಡುವಿಗೆ ಬಂದರೆ ಪರಿಸ್ಥಿತಿ ತಿರುಗುಮುರುಗು. ಗ್ಯಾಸ್ ಬಿಲ್ ಏರಿರುತ್ತದೆ, ದಿನಸಿಗೆ ಬರುವ ಕುಟುಂಬಗಳು ಕಡಿಮೆಯಾಗಿರುವುದಿಲ್ಲ, ಪೆಟ್ಟಿಗೆ ಎತ್ತಿಡುವ ಕೈಗಳು ಮಾತ್ರ ಕಾಣೆಯಾಗಿರುತ್ತವೆ. ಆದ್ದರಿಂದ ಡಿಸೆಂಬರನ್ನು ಸುತ್ತಾಡಲು ಇಟ್ಟುಕೊಂಡು, ಜನವರಿಯಿಂದ ಮಾರ್ಚ್‌ವರೆಗಿನ ಪಾಳಿಗಳಿಗೆ ಈಗಲೇ ಹೆಸರು ಕೊಡಿ.

ನಗರದಲ್ಲಿ 77 ಸಮುದಾಯ ಪ್ರದೇಶಗಳಿವೆ, 50 ವಾರ್ಡ್‌ಗಳಿವೆ. ಎರಡರ ಗಡಿಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ನೀವು ತಿಳಿದಿರಬೇಕಾದದ್ದು ವಾರ್ಡ್ ಸಂಖ್ಯೆ. ನಗರದ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಅದು ಸಿಗುತ್ತದೆ. ನಿಮ್ಮ ಆಲ್ಡರ್‌ಪರ್ಸನ್ (ವಾರ್ಡಿನ ನಗರಸಭಾ ಸದಸ್ಯ) ಕಚೇರಿಯ ಇಮೇಲ್ ಪತ್ರಿಕೆಗೆ ಸೇರಿಕೊಳ್ಳಿ. ಕೋಟು ಸಂಗ್ರಹ, ಪಾರ್ಕಿನ ಕಾರ್ಯಕ್ರಮ, ಬ್ಲಾಕ್ ಕ್ಲಬ್ಬಿನ (ಬೀದಿಯ ನಿವಾಸಿಗಳ ಸಂಘ) ಸಭೆ ಇವೆಲ್ಲ ಮೊದಲು ಬರುವುದು ಅದರಲ್ಲಿ. ಉಳಿದ ಎಲ್ಲ ದೂರು, ಕೋರಿಕೆಗಳಿಗೆ 311: ಕರೆ ಮಾಡಬಹುದು, ಅದರದ್ದೇ ಆ್ಯಪ್ ಕೂಡ ಇದೆ.

ಮೊದಲು ಮನೆಮುಂದಿನ ಹಿಮ

ಮನೆಮುಂದಿನ ಸೈಡ್‌ವಾಕಿನ ಹಿಮ ತೆಗೆಯುವುದು ಇಲ್ಲಿ ನಗರಸಭೆಯ ಕೆಲಸವಲ್ಲ, ಅದಕ್ಕೆ ಹೊಂದಿಕೊಂಡ ಆಸ್ತಿಯ ಮಾಲೀಕರ ಅಥವಾ ಅಲ್ಲಿ ವಾಸಿಸುವವರ ಹೊಣೆ. ದಾರಿ ಕನಿಷ್ಠ 5 ಅಡಿ ಅಗಲ ಇರಬೇಕು. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಬಿದ್ದ ಹಿಮವನ್ನು ಅದೇ ರಾತ್ರಿ 10ರೊಳಗೆ, ರಾತ್ರಿ ಬಿದ್ದದ್ದನ್ನು ಮರುದಿನ ಬೆಳಗ್ಗೆ 10ರೊಳಗೆ ತೆಗೆಯಬೇಕು. ಭಾನುವಾರ, ಹಬ್ಬ ಎಂಬ ವಿನಾಯಿತಿ ಇಲ್ಲ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್‌ವರೆಗೆ ದಂಡ ಬೀಳಬಹುದು. ಬಾಡಿಗೆ ಮನೆಯಾದರೆ ಈ ಕೆಲಸ ಯಾರದೆಂದು ಕರಾರುಪತ್ರದಲ್ಲಿ ಬರೆದಿದೆಯೇ ನೋಡಿ. ಎರಡು, ಮೂರು ಮನೆಗಳಿರುವ ಕಟ್ಟಡಗಳಲ್ಲಿ ಎಲ್ಲರೂ ಇನ್ನೊಬ್ಬರು ಮಾಡುತ್ತಾರೆಂದು ಕುಳಿತಿರುವುದೇ ಹೆಚ್ಚು.

ಹೆಚ್ಚಿನವರು ಎಡವುವುದು ಮೂಲೆಯಲ್ಲಿ. ಸೈಡ್‌ವಾಕನ್ನು ಚೊಕ್ಕಟವಾಗಿ ಮಾಡಿ ರಸ್ತೆಗಿಳಿಯುವ ಇಳಿಜಾರನ್ನು ಹಾಗೇ ಬಿಡುತ್ತಾರೆ. ಪ್ಲೋ ಗಾಡಿ ತಳ್ಳಿದ ಗಟ್ಟಿ ಹಿಮ ಬಂದು ಸೇರುವುದೂ ಅಲ್ಲೇ. ಗಾಲಿಕುರ್ಚಿಯವರು, ಮಗುವಿನ ಸ್ಟ್ರಾಲರ್ ತಳ್ಳುವವರು ಅಲ್ಲಿವರೆಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮದು ಮೂಲೆ ಮನೆಯಾದರೆ ಆ ಇಳಿಜಾರೂ ನಿಮ್ಮದೇ. ತೆಗೆದ ಹಿಮವನ್ನು ರಸ್ತೆಗೆ, ಹಿಂದಿನ ಓಣಿಗೆ (ಆ್ಯಲಿ), ಬಸ್ ಸ್ಟಾಪಿಗೆ, ಸೈಕಲ್ ದಾರಿಗೆ ಎಸೆಯುವಂತಿಲ್ಲ. ನಿಮ್ಮ ಹುಲ್ಲುಹಾಸಿನ ಮೇಲೆ ಗುಡ್ಡೆ ಹಾಕಿ. ಬೀದಿಯ ಅಗ್ನಿಶಾಮಕ ಹೈಡ್ರಂಟ್ ಹೂತುಹೋಗಿದ್ದರೆ ಅದರ ಸುತ್ತಲೂ ಬಿಡಿಸಿ. ಬೆಂಕಿ ಬಿದ್ದಾಗ ಅದನ್ನು ಹುಡುಕುತ್ತ ಕಳೆಯುವ ನಿಮಿಷಗಳು ದುಬಾರಿ.

'ಹಿಮ ತೆಗೆದ ಮೇಲೆ ಯಾರಾದರೂ ಜಾರಿಬಿದ್ದರೆ ನಮ್ಮ ಮೇಲೆ ಕೇಸ್ ಹಾಕುತ್ತಾರೆ, ಮುಟ್ಟದಿರುವುದೇ ವಾಸಿ' ಎಂಬ ಮಾತು ಪ್ರತಿ ವರ್ಷ ಹರಿದಾಡುತ್ತದೆ. ಇಲಿನಾಯ್ ರಾಜ್ಯದ ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ. ವಾಸದ ಮನೆಯ ಮುಂದಿನ ಸೈಡ್‌ವಾಕಿನ ಹಿಮ ತೆಗೆದವರನ್ನು, ತೆಗೆಯಲು ಯತ್ನಿಸಿದವರನ್ನು, ಬೇಕೆಂದೇ ಅಪಾಯ ಒಡ್ಡಿದ ಹೊರತು ಅದು ರಕ್ಷಿಸುತ್ತದೆ.

ಉಪ್ಪನ್ನು ಹಿಮದ ಮೇಲೆ ಸುರಿಯುವುದು ವ್ಯರ್ಥ. ಮೊದಲು ಸಲಿಕೆ, ಆಮೇಲೆ ಉಪ್ಪು. 12 ಔನ್ಸಿನ ಒಂದು ಕಾಫಿ ಮಗ್ ತುಂಬ ಉಪ್ಪು ಸೈಡ್‌ವಾಕಿನ ಹತ್ತು ಚೌಕಗಳಿಗೆ ಸಾಕು. ಕಾಳುಗಳ ನಡುವೆ ಜಾಗ ಇರುವಂತೆ ಚೆಲ್ಲಿ. ನೆಲದ ಉಷ್ಣಾಂಶ 15 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 9 ಸೆಲ್ಸಿಯಸ್) ಕೆಳಗಿಳಿದರೆ ಸಾಧಾರಣ ಕಲ್ಲುಪ್ಪು ಕರಗಿಸುವುದೇ ಇಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಕಾಲು ಜಾರದಂತೆ ಮರಳು. ಹೆಚ್ಚು ಸುರಿದ ಉಪ್ಪು ನಾಯಿಗಳ ಪಾದ ಉರಿಸುತ್ತದೆ, ಕಾಂಕ್ರೀಟ್ ತಿನ್ನುತ್ತದೆ, ಕೊನೆಗೆ ಚರಂಡಿ ಮೂಲಕ ನದಿಯ ನೀರು ಸೇರುತ್ತದೆ.

ಎಂಟು ಇಂಚು ಬೀಳುವವರೆಗೆ ಕಾದು ಒಮ್ಮೆಲೇ ಎತ್ತುವ ಬದಲು, ಬೀಳುತ್ತಿರುವಾಗಲೇ ಎರಡು ಮೂರು ಸಲ ಹೋಗಿ ತಳ್ಳಿಬಿಡಿ. ಎತ್ತಬೇಡಿ, ತಳ್ಳಿ. ಒದ್ದೆ ಹಿಮದ ಭಾರ ಮತ್ತು ಚಳಿಗೆ ಸಂಕುಚಿಸಿದ ರಕ್ತನಾಳ ಸೇರಿದರೆ ಹೃದಯದ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಊರಿಂದ ಬಂದ ಅಪ್ಪನೋ ಮಾವನೋ 'ಕೊಡು, ನಾನೂ ಸ್ವಲ್ಪ ತಳ್ಳುತ್ತೇನೆ' ಎಂದು ಸಲಿಕೆ ಕೇಳಿದರೆ ಒಳಗೆ ಕೂರಿಸಿ ಕಾಫಿ ಕೊಡಿ.

ಕಾರಿನ ವಿಷಯ ಎರಡೇ ಮಾತು. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಸುಮಾರು 107 ಮೈಲಿ ಮುಖ್ಯರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ನಿಲುಗಡೆ ನಿಷೇಧ. ಹಿಮ ಬಿದ್ದಿರಲಿ, ಬಿಡಲಿ. ಎಳೆದೊಯ್ಯಲು ಕನಿಷ್ಠ 150 ಡಾಲರ್, ಟಿಕೆಟ್ 60, ಇಟ್ಟುಕೊಂಡಿದ್ದಕ್ಕೆ ದಿನಕ್ಕೆ 25 ಡಾಲರಿನಿಂದ ಮೇಲೆ. ಇನ್ನೂ ಸುಮಾರು 500 ಮೈಲಿ ರಸ್ತೆಗಳಲ್ಲಿ 2 ಇಂಚು ಹಿಮ ಬಿದ್ದಾಗ ಈ ನಿಷೇಧ ಜಾರಿಯಾಗಬಹುದು. ಕಂಬದ ಫಲಕ ಓದಿ. ಇನ್ನು ಹಿಮ ತೆಗೆದ ಜಾಗದಲ್ಲಿ ಮುರುಕು ಕುರ್ಚಿ, ಇಸ್ತ್ರಿ ಟೇಬಲ್ ಇಟ್ಟು 'ಇದು ನಂದು' ಎನ್ನುವ ಡಿಬ್ಸ್ ಪದ್ಧತಿ ಕಾನೂನಲ್ಲ. ಆದರೂ ಬೇರೆಯವರ ಕುರ್ಚಿ ಸರಿಸಿ ನಿಮ್ಮ ಕಾರು ನಿಲ್ಲಿಸಬೇಡಿ. ಹಿಮದ ವಿಷಯದಲ್ಲಿ ಈ ಊರಿಗೆ ಸಿಟ್ಟು ಬೇಗ: 1979ರ ಹಿಮಪಾತವನ್ನು ನಿಭಾಯಿಸಲಾರದೆ ಮೇಯರ್ ಮೈಕಲ್ ಬಿಲಾಂಡಿಕ್ ಅದೇ ವರ್ಷ ಪಕ್ಷದ ಪ್ರೈಮರಿಯಲ್ಲಿ (ಅಭ್ಯರ್ಥಿ ಆಯ್ಕೆಯ ಚುನಾವಣೆ) ಜೇನ್ ಬರ್ನ್ ಎದುರು ಸೋತರು.

ಪಕ್ಕದ ಮನೆಯ ಅಜ್ಜಿಯ ಸೈಡ್‌ವಾಕ್ ತೆಗೆಯುವುದಕ್ಕೆ ಯಾವ ಸಂಸ್ಥೆಯೂ ಬೇಕಿಲ್ಲ. ವ್ಯವಸ್ಥಿತವಾಗಿ ಮಾಡಬೇಕೆಂದರೆ ನಗರದ ಚಿಕಾಗೋ ಶವಲ್ಸ್ ಕಾರ್ಯಕ್ರಮ ನೋಡಿ, ವಾರ್ಡ್ ಕಚೇರಿಯಲ್ಲೂ ಕೇಳಿ. ಮನೆ ಒಪ್ಪಿಕೊಳ್ಳುವಾಗ ನಡೆದು ಹೋಗುವಷ್ಟು ಹತ್ತಿರದ್ದನ್ನೇ ಒಪ್ಪಿಕೊಳ್ಳಿ. ಐದು ಮೈಲಿ ದೂರದ ಮನೆಗೆ ಮಾತು ಕೊಟ್ಟರೆ, ನೀವು ಬೇಕಾದ ದಿನವೇ ನಿಮ್ಮ ಕಾರು ಹೊರಡುವುದಿಲ್ಲ.

ವೀಸಾದವರು ಗಮನಿಸಬೇಕಾದದ್ದು

ಎಚ್-1ಬಿ (ಉದ್ಯೋಗಿಗಳು), ಎಚ್-4 (ಅವರ ಕುಟುಂಬದವರು), ಎಫ್-1 (ವಿದ್ಯಾರ್ಥಿಗಳು) ವೀಸಾದಲ್ಲಿರುವವರು ಸ್ವಯಂಸೇವೆ ಮಾಡಬಹುದೇ? ಮಾಡಬಹುದು, ಆದರೆ ಸ್ವಯಂಸೇವೆ ಯಾವುದು, ಸಂಬಳವಿಲ್ಲದ ಉದ್ಯೋಗ ಯಾವುದು ಎಂಬ ಗೆರೆ ಗೊತ್ತಿರಬೇಕು. ಧರ್ಮಾರ್ಥ ಅಥವಾ ಸಾರ್ವಜನಿಕ ಸಂಸ್ಥೆಯಲ್ಲಿ, ಯಾರೂ ಸಾಮಾನ್ಯವಾಗಿ ಸಂಬಳ ಪಡೆಯದ ಕೆಲಸವನ್ನು, ಯಾವ ಪ್ರತಿಫಲದ ನಿರೀಕ್ಷೆಯೂ ಇಲ್ಲದೆ ಮಾಡಿದರೆ ಅದು ಸ್ವಯಂಸೇವೆ. ಪ್ಯಾಂಟ್ರಿಯಲ್ಲಿ ಅಕ್ಕಿ ಚೀಲ ಕಟ್ಟುವುದು, ಪಾರ್ಕ್ ಶುಚಿ ಮಾಡುವುದು ಇದರಲ್ಲಿ ಬರುತ್ತದೆ. ಲಾಭಕ್ಕಾಗಿ ನಡೆಯುವ ಕಂಪನಿಗೆ ಪುಕ್ಕಟೆ ಕೆಲಸ ಮಾಡುವುದು ಬರುವುದಿಲ್ಲ. ಧರ್ಮಾರ್ಥ ಸಂಸ್ಥೆಯೇ ಆದರೂ ಸಂಬಳದ ಹುದ್ದೆಯ ಜಾಗದಲ್ಲಿ ಕೂತು ಅವರ ಡೇಟಾಬೇಸ್ ಕಟ್ಟಿಕೊಡುವುದು ಅಪಾಯದ ಅಂಚು. ಕೆಲಸದ ಪರವಾನಗಿ ಇಲ್ಲದ ಎಚ್-4ನವರು 'ಅನುಭವಕ್ಕಾಗಿ' ಒಪ್ಪಿಕೊಳ್ಳುವ ಕೆಲಸಗಳಲ್ಲಿ ಹೆಚ್ಚಿನವು ಇಂಥವೇ. ಗೌರವಧನ, ಗಿಫ್ಟ್ ಕಾರ್ಡ್ ಬೇಡವೆನ್ನಿ. ಸಂದೇಹವಿದ್ದರೆ ಎಫ್-1ನವರು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು, ಉಳಿದವರು ವಲಸೆ ವಕೀಲರನ್ನು ಮೊದಲೇ ಕೇಳಲಿ.

ಎಲ್ಲಿ, ಏನು ಕೆಲಸ

ಚಿಕಾಗೋ ಸೇರಿರುವ ಕುಕ್ ಕೌಂಟಿಯ ಪ್ಯಾಂಟ್ರಿಗಳಿಗೆ ದಿನಸಿ ಹೋಗುವುದು 1979ರಲ್ಲಿ ಆರಂಭವಾದ ಗ್ರೇಟರ್ ಚಿಕಾಗೋ ಫುಡ್ ಡಿಪಾಸಿಟರಿಯಿಂದ. ಅದರ ಗೋದಾಮಿನಲ್ಲಿ ದೊಡ್ಡ ಚೀಲಗಳನ್ನು ಮನೆಬಳಕೆಯ ಪೊಟ್ಟಣಗಳಾಗಿ ಕಟ್ಟುವ ಪಾಳಿಗಳಿರುತ್ತವೆ. ಕನ್ನಡ ಕೂಟದ ಗುಂಪಾಗಿ ಹೋಗುವುದಾದರೆ ಇದು ಅನುಕೂಲ. ಒಬ್ಬರೇ ಹೋಗುವುದಾದರೆ ನಿಮ್ಮ ಬಡಾವಣೆಯ ಸಣ್ಣ ಪ್ಯಾಂಟ್ರಿಯೇ ಮೇಲು. ಅಲ್ಲಿ ವಾರದ ನಡುವಿನ ಹಗಲು ಪಾಳಿಗಳಿಗೆ ಜನ ಸಿಗುವುದೇ ಕಷ್ಟ. ಮುಂಭಾಗ ಮುಚ್ಚಿದ ಶೂ ಹಾಕಿಕೊಂಡು ಹೋಗಿ. ಮಾಂಸ ಮುಟ್ಟಲು ಮುಜುಗರವಾದರೆ ಹೆಸರು ಕೊಡುವಾಗಲೇ ಹೇಳಿ, ತರಕಾರಿ ಅಥವಾ ನೋಂದಣಿ ಮೇಜಿಗೆ ಹಾಕುತ್ತಾರೆ. ಸಾಲು ನಿಂತ ಮೇಲೆ ಹೇಳಿದರೆ ಪಾಳಿ ಹಂಚಿದವರಿಗೆ ಫಜೀತಿ. ಮನೆಯಲ್ಲಿ ಮಾಡಿದ ಚಿತ್ರಾನ್ನ, ಪುಳಿಯೋಗರೆ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮುಚ್ಚಿದ ಪೊಟ್ಟಣ, ಅವಧಿ ಮುಗಿಯದ ಡಬ್ಬಿ, ಗಾಜಲ್ಲದ ಪಾತ್ರೆ ನಡೆಯುತ್ತದೆ. ಹಣ ಇನ್ನೂ ಒಳ್ಳೆಯದು, ಏಕೆಂದರೆ ಅವರು ಸಗಟು ಬೆಲೆಗೆ ಕೊಳ್ಳುತ್ತಾರೆ.

ಲೆಕ್ಕಪತ್ರದಲ್ಲಿ ಆಸಕ್ತಿ ಇದ್ದವರಿಗೆ ಉಚಿತ ತೆರಿಗೆ ನೆರವಿನ ಕೆಲಸ ಇದೆ. ಕಡಿಮೆ ಆದಾಯದವರ ರಿಟರ್ನ್ ಸಿದ್ಧಪಡಿಸುವ ವೀಟಾ ಕೇಂದ್ರಗಳು ಜನವರಿ ಕೊನೆಯಿಂದ ಏಪ್ರಿಲ್ 15ರವರೆಗೆ ನಡೆಯುತ್ತವೆ. ಚಿಕಾಗೋದಲ್ಲಿ ಲ್ಯಾಡರ್ ಅಪ್ ಸಂಸ್ಥೆ ಇವನ್ನು ನಡೆಸುತ್ತದೆ. ಕೇಂದ್ರ ತೆರಿಗೆ ಇಲಾಖೆ ಐಆರ್‌ಎಸ್‌ನ ಪರೀಕ್ಷೆಯಲ್ಲಿ ಶೇ. 80 ಅಂಕ ಬೇಕು. ಸಿದ್ಧತೆಗೆ ಸಮಯ ಹಿಡಿಯುತ್ತದೆ, ಶರತ್ಕಾಲದಲ್ಲೇ ಹೆಸರು ಕೊಡುವುದು ಒಳಿತು. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. 1994ರ ಕಾಯಿದೆಯ ನಂತರ ಅದು ರಾಷ್ಟ್ರೀಯ ಸೇವಾ ದಿನವೂ ಹೌದು. ಮಕ್ಕಳಿಗೆ ಶಾಲೆ ಇರುವುದಿಲ್ಲ, ಕುಟುಂಬ ಸಮೇತ ಮಾಡುವ ಕೆಲಸಗಳು ಆ ದಿನ ಹೆಚ್ಚು. ಆದರೆ ಸೇರಲು ಬರುವ ಜನವೂ ಹೆಚ್ಚು, ಡಿಸೆಂಬರಿನಲ್ಲೇ ಕಾದಿರಿಸಿ.

ನಮ್ಮವರು ಅಷ್ಟಾಗಿ ಹೋಗದ, ಆದರೆ ಚಳಿಗಾಲಕ್ಕೇ ಹೇಳಿಮಾಡಿಸಿದ ಕೆಲಸ ಕಾಡಿನಲ್ಲಿದೆ. ಕುಕ್ ಕೌಂಟಿ ಫಾರೆಸ್ಟ್ ಪ್ರಿಸರ್ವ್‌ನಲ್ಲಿ, ನಗರದೊಳಗೇ ಇರುವ ಲಬಾ ವುಡ್ಸ್‌ನಲ್ಲೂ, ವಾರಾಂತ್ಯದ ಬೆಳಗ್ಗೆ ಸ್ವಯಂಸೇವಕರು ಬಕ್‌ಥಾರ್ನ್ ಕಡಿಯುತ್ತಾರೆ. ಯೂರೋಪಿನಿಂದ ಬಂದ ಈ ಪೊದೆ ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರಿ, ಶರತ್ಕಾಲದಲ್ಲಿ ಎಲ್ಲಕ್ಕಿಂತ ಕೊನೆಗೆ ಎಲೆ ಉದುರಿಸಿ, ಕೆಳಗಿನ ಕಾಡುಹೂಗಳಿಗೆ ಬಿಸಿಲೇ ಬೀಳದಂತೆ ಮಾಡುತ್ತದೆ. ನೆಲ ಹೆಪ್ಪುಗಟ್ಟಿ, ಸ್ಥಳೀಯ ಗಿಡಗಳು ಮಣ್ಣೊಳಗೆ ಮಲಗಿರುವಾಗ ಕಡಿದರೆ ಕಾಲ್ತುಳಿತಕ್ಕೆ ಅವು ಹಾಳಾಗುವುದಿಲ್ಲ. ಕೈಗರಗಸ, ಉದ್ದ ಹಿಡಿಯ ಕತ್ತರಿ ಅವರೇ ಕೊಡುತ್ತಾರೆ, ಅನುಭವ ಬೇಕಿಲ್ಲ. ಕಡಿದ ಬುಡಕ್ಕೆ ಕಳೆನಾಶಕ ಹಚ್ಚದಿದ್ದರೆ ಮತ್ತೆ ಚಿಗುರುತ್ತದೆ, ಆದರೆ ಅದನ್ನು ಹಚ್ಚುವುದು ಪರವಾನಗಿ ಇದ್ದವರು ಮಾತ್ರ. ಕಡಿದ ಕೊಂಬೆಗಳನ್ನು ರಾಶಿ ಹಾಕಿ ಅಲ್ಲೇ ಸುಡುವುದರಿಂದ ದುಬಾರಿ ನೈಲಾನ್ ಜಾಕೆಟ್ ಹಾಕಿಕೊಂಡು ಹೋಗಬೇಡಿ. ಒಂದು ಕಿಡಿ ಬಿದ್ದರೆ ತೂತು. ಒಳಗೆ ಉಣ್ಣೆ, ಮೇಲೆ ಹಳೆಯ ದಪ್ಪ ಹತ್ತಿ ಕೋಟು ಸರಿ. ಕಾಲಿಗೆ ಮಾತ್ರ ಹತ್ತಿ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಕಾಲುಚೀಲ ಬೆರಳನ್ನು ಮರಗಟ್ಟಿಸುತ್ತದೆ. ಚಳಿ ತಡೆಯುವವರಿಗೆ ಡಿಸೆಂಬರ್ 14ರಿಂದ ಜನವರಿ 5ರವರೆಗೆ ಹಕ್ಕಿ ಸಂರಕ್ಷಣಾ ಸಂಸ್ಥೆ ಆಡುಬಾನ್‌ನ ಕ್ರಿಸ್‌ಮಸ್ ಹಕ್ಕಿ ಗಣತಿಯೂ ಇದೆ, 1900ರಿಂದ ನಡೆದುಬಂದದ್ದು.

ರಕ್ತದಾನಕ್ಕೆ ಹೋಗುವವರು ಊರಿನ ಪ್ರವಾಸ ನೆನಪಿಡಿ. ಭಾರತ ಮಲೇರಿಯಾ ಅಪಾಯದ ದೇಶ. ಬೆಂಗಳೂರಿಗೆ ಹೋಗಿ ಬಂದರೂ ಮೂರು ತಿಂಗಳು ಕಾಯಿಸುತ್ತಾರೆ. ಅಲ್ಲಿ ಬೆಳೆದು ಹೊಸದಾಗಿ ವಲಸೆ ಬಂದವರಿಗೆ ಮೂರು ವರ್ಷ. ಡಿಸೆಂಬರ್ ರಜೆಗೆ ಊರಿಗೆ ಹೋಗಿ ಜನವರಿ ಶಿಬಿರಕ್ಕೆ ಹೆಸರು ಕೊಟ್ಟವರು ರಕ್ತ ಕೊಡಲಾಗದೆ ಶಿಬಿರದಿಂದ ವಾಪಸು ಬರುವುದು ಇದರಿಂದಲೇ.

ನೋಡುವುದಕ್ಕೆ

ನಗರ ಸಾರಿಗೆ ಸಂಸ್ಥೆ ಸಿಟಿಎ 1992ರಿಂದ ಓಡಿಸುವ ಹಾಲಿಡೇ ಟ್ರೇನ್‌ಗೆ ಮಾಮೂಲಿ ಟಿಕೆಟ್ ಸಾಕು, ವೇಳಾಪಟ್ಟಿ ನೋಡಿ ನಿಮ್ಮ ಸ್ಟೇಷನ್ನಿನಲ್ಲೇ ಹತ್ತಬಹುದು. ಡೇಲಿ ಪ್ಲಾಜಾದಲ್ಲಿ ನಡೆಯುವ ಜರ್ಮನ್ ಶೈಲಿಯ ಕ್ರಿಸ್‌ಮಸ್ ಸಂತೆ ಕ್ರಿಸ್ಟ್‌ಕಿಂಡಲ್ ಮಾರ್ಕೆಟ್‌ಗೆ ಶನಿವಾರ ಸಂಜೆ ಹೋಗಬೇಡಿ, ಕೈಯಲ್ಲಿ ಮಗು ಹಿಡಿದು ನಿಲ್ಲಲೂ ಜಾಗವಿರುವುದಿಲ್ಲ. ಮಿಲೇನಿಯಮ್ ಪಾರ್ಕಿನ ಐಸ್ ರಿಂಕ್‌ಗೆ ಪ್ರವೇಶ ಉಚಿತ, ಆದರೆ ಮೊದಲೇ ಆನ್‌ಲೈನ್ ಕಾದಿರಿಸಬೇಕು; ಸ್ಕೇಟ್ ಬಾಡಿಗೆ ಬೇರೆ. ಭಾರತೀಯ ಅಂಗಡಿಗಳಿರುವ ಡೆವಾನ್ ರಸ್ತೆಯ ಕಡೆ ಇರುವವರಿಗೆ ವಾರೆನ್ ಪಾರ್ಕಿನ ದಿಬ್ಬ ಮಕ್ಕಳ ಸ್ಲೆಡ್ಡಿಂಗಿಗೆ ಸಾಕು. ಹಬ್ಬ ಮುಗಿದ ಮೇಲೆ ನಿಜವಾದ ಕ್ರಿಸ್‌ಮಸ್ ಮರವನ್ನು ನಗರ ಗುರುತಿಸಿದ ಪಾರ್ಕುಗಳಿಗೆ ಒಯ್ಯಬಹುದು. ದೀಪ, ಜರಿ, ಸ್ಟ್ಯಾಂಡ್, ಪ್ಲಾಸ್ಟಿಕ್ ಚೀಲ ಎಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಮರ ಪುಡಿಮಾಡುವ ಯಂತ್ರಕ್ಕೆ ಹೋಗುವುದಿಲ್ಲ.

ವಿಪರೀತ ಚಳಿಯ ದಿನ ಯಾವ ಪಾಳಿಯೂ ಮುಖ್ಯವಲ್ಲ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ (ಮೈನಸ್ 31 ಸೆಲ್ಸಿಯಸ್) ದಾಖಲಾಗಿತ್ತು. ಗಾಳಿ ಸೇರಿದರೆ ಅಂಥ ದಿನ ತೆರೆದ ಚರ್ಮ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಮನೆಯೊಳಗೂ ಒಂದು ನಿಯಮ ಇದೆ: ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಾಡಿಗೆ ಮನೆಯಲ್ಲಿ ಹಗಲು ಕನಿಷ್ಠ 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಇರುವಂತೆ ಮಾಲೀಕರು ನೋಡಿಕೊಳ್ಳಬೇಕು. ಹೀಟರ್ ಕೆಟ್ಟು ಮಾಲೀಕರು ಫೋನ್ ಎತ್ತದಿದ್ದರೆ 311ಕ್ಕೆ ದೂರು ಕೊಡಿ. ಒಂಟಿಯಾಗಿರುವ ಹಿರಿಯರು ಬಾಗಿಲು ತೆಗೆಯುತ್ತಿಲ್ಲವೆಂದರೆ ಅದೇ ಸಂಖ್ಯೆಗೆ ಹೇಳಿ ಯೋಗಕ್ಷೇಮ ವಿಚಾರಿಸಲು ಜನ ಕಳಿಸುವಂತೆ ಕೇಳಬಹುದು. ಉಷ್ಣಾಂಶ 32 ಡಿಗ್ರಿಗಿಂತ ಕೆಳಗಿಳಿದಾಗ ನಗರದ ಸಮುದಾಯ ಸೇವಾ ಕೇಂದ್ರಗಳು ವಾರದ ದಿನಗಳಲ್ಲಿ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಬೆಚ್ಚಗಿರಲು ತೆರೆದಿರುತ್ತವೆ. ಕೆಡ್ಜಿ ಅವೆನ್ಯೂದ ಗಾರ್ಫೀಲ್ಡ್ ಕೇಂದ್ರ ರಾತ್ರಿಯೂ ಮುಚ್ಚುವುದಿಲ್ಲ.