ಹಳೇ ಡೆಸ್ಕ್‌ಟಾಪ್, ಅಪಾಚೆ ಮತ್ತು ಗಿಟ್: ಆಫೀಸಿಗೆ ನಾವೇ ಮಾಡಿಕೊಂಡ ಸರ್ವರ್

ಗಿಟ್ ಅಂದರೆ ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಅದಕ್ಕೊಂದು ಸರ್ವರ್ ಮಾಡಬೇಕು ಅಂದ ಕೂಡಲೇ ಗಿಟ್‌ಲ್ಯಾಬ್ ಹಾಕಿ, ಗಿಟೀ ಹಾಕಿ ಅಂತ ಸಲಹೆ ಬರುತ್ತದೆ. ಎರಡೂ ಇಂಥ ಸರ್ವರ್‌ಗೆಂದೇ ಇರುವ ರೆಡಿಮೇಡ್ ಸಾಫ್ಟ್‌ವೇರ್, ಒಳ್ಳೆಯವೇ. ಆದರೆ ಏಳೆಂಟು ಜನರ ಆಫೀಸಿಗೆ ಅಷ್ಟೆಲ್ಲ ಬೇಡ ಮಾರಾಯ್ರೆ. ಅಪಾಚೆ ಎಂಬ ವೆಬ್ ಸರ್ವರ್ ಉಂಟು, ಗಿಟ್ ಉಂಟು, ಗಿಟ್ ಜೊತೆಗೇ ಬರುವ ಒಂದು ಸಣ್ಣ ಪ್ರೋಗ್ರಾಂ ಉಂಟು. ಇಷ್ಟರಲ್ಲೇ ಕೆಲಸ ಆಗುತ್ತದೆ. ನಾವು ಮಾಡಿಕೊಂಡದ್ದು ಹೀಗೆ.

ನಮ್ಮ ಆಫೀಸು ಉಡುಪಿಯಲ್ಲಿ. ಮಲ್ಪೆಯ ಬೋಟಿನವರಿಗೆ, ಐಸ್ ಪ್ಲಾಂಟಿನವರಿಗೆ, ಕೆಲವು ಸಹಕಾರಿ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್ ಎಲ್ಲ ವರ್ಷಗಳಿಂದ ಒಂದು ಸಬ್‌ವರ್ಷನ್ ಸರ್ವರ್‌ನಲ್ಲಿತ್ತು, ಅದೂ ಗಿಟ್ ಮಾಡುವ ಕೆಲಸವನ್ನೇ ಮಾಡುವ ಹಳೇ ಸಾಫ್ಟ್‌ವೇರ್. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಸಬ್‌ವರ್ಷನ್ ಗೊತ್ತೇ ಇಲ್ಲ, ಗಿಟ್ ಮಾತ್ರ ಗೊತ್ತು. ಬದಲಾಯಿಸಲೇಬೇಕಿತ್ತು. ಕೋಡ್ ಮಾತ್ರ ನಮ್ಮ ಮೆಷೀನಿನಲ್ಲೇ ಇರಬೇಕು, ಹೊರಗೆ ಇಡುವುದು ಬೇಡ ಅಂತ ನಮ್ಮ ಸರ್ ಹಠ.

ಇಂಥ ದೊಡ್ಡ ಕೆಲಸಕ್ಕೆ ನಮಗೆ ಸಿಗುವ ಸಮಯ ಒಂದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಬೋಟೆಲ್ಲ ದಕ್ಕೆಯಲ್ಲಿ, ಫೋನ್ ಮಾಡುವವರು ಕಡಿಮೆ. ಆದರೆ ಕರೆಂಟು ಜಾಸ್ತಿ ಹೋಗುವುದೂ ಆವಾಗಲೇ ಅಲ್ವಾ. ಅದಕ್ಕೆ ಆಮೇಲೆ ಬರುತ್ತೇನೆ.

ಮೆಷೀನು ಹಳೇ ಡೆಸ್ಕ್‌ಟಾಪ್. 4 ಜಿಬಿ ರ‍್ಯಾಮ್, ಹೊಸ ಎಸ್‌ಎಸ್‌ಡಿ, ಡೆಬಿಯನ್ 12 ಲಿನಕ್ಸ್. ಈ ರ‍್ಯಾಮ್‌ಗೆ ಗಿಟ್‌ಲ್ಯಾಬ್ ಭಾರ, ಆ ಮಾತು ಅಲ್ಲಿಗೇ ಮುಗಿಯಿತು. ಗಿಟೀ ಹಗುರ, ಒಂದೇ ಫೈಲು, ಅದನ್ನು ಹಾಕಿ ನೋಡಿದೆ ಕೂಡ. ಆದರೆ ನಮ್ಮಲ್ಲಿ ಕೋಡ್ ರಿವ್ಯೂ ಅಂದರೆ ಪಕ್ಕದ ಕುರ್ಚಿ ಎಳೆದು ಕೂತುಕೊಳ್ಳುವುದು. ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ನೋಡಿ ಸೇರಿಸಿ ಅಂತ ವೆಬ್‌ನಲ್ಲಿ ಕೇಳುವುದು, ಯಾರಿಗೂ ಬೇಡ. ಬೇಡದ್ದಕ್ಕೆ ಒಂದು ಡೇಟಾಬೇಸ್ ಇಟ್ಟು, ಅದರ ಬ್ಯಾಕಪ್ ಬೇರೆ ನೋಡಿಕೊಳ್ಳುವುದು ಯಾಕೆ? ವೆಬ್ ಬದಲು ಎಸ್‌ಎಸ್‌ಎಚ್ (ಕೀ ಕೊಟ್ಟು ಸರ್ವರ್‌ಗೆ ಲಾಗಿನ್ ಆಗುವ ಬಗೆ) ಕೂಡ ಆಗುತ್ತಿತ್ತು. ಆದರೆ ಸಬ್‌ವರ್ಷನ್‌ಗೆ ಅಂತ ಅಪಾಚೆಯಲ್ಲಿ ಎಲ್ಲರ ಪಾಸ್‌ವರ್ಡ್ ಫೈಲ್ ಆಗಲೇ ಇತ್ತು. ಅದೇ ಫೈಲನ್ನು ಹೊಸ ಸರ್ವರ್‌ಗೆ ತಂದರೆ ಯಾರಿಗೂ ಹೊಸ ಕೀ ಮಾಡಿಕೊಡುವ ರಗಳೆ ಇಲ್ಲ. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಬಿಟ್ಟದ್ದಕ್ಕೂ ಕಾರಣ ಉಂಟು. ಅದು ತಾನಾಗಿ ಸಿಜಿಐ (ವೆಬ್ ಕೋರಿಕೆಗೆ ಉತ್ತರಿಸುವ ಹೊರಗಿನ ಪ್ರೋಗ್ರಾಂ) ಓಡಿಸುವುದಿಲ್ಲ, ನಡುವೆ ಎಫ್‌ಸಿಜಿಐ ರ‍್ಯಾಪ್ ಅಂತ ಇನ್ನೊಂದು ಬೇಕು. ಮೇಲಿಂದ, ಸೆಟಿಂಗ್ ಬದಲಾಯಿಸದಿದ್ದರೆ 1 ಎಂಬಿಗಿಂತ ದೊಡ್ಡ ಪುಷ್‌ಗೆ (ಸರ್ವರ್‌ಗೆ ಕೋಡ್ ಕಳಿಸುವುದಕ್ಕೆ) 413 ಎರರ್ ಕೊಡುತ್ತದೆ.

ಇನ್ನು ಸೆಟಪ್. ಗಿಟ್ ರೆಪೊ ಅಂದರೆ ಒಂದು ಫೋಲ್ಡರ್, ಅಷ್ಟೇ. ಸರ್ವರ್‌ನಲ್ಲಿ ಇಡುವಾಗ 'ಬೇರ್' ಅಂತ ಕೊಟ್ಟು ಇನಿಟ್ ಮಾಡಬೇಕು, ಆಗ ಕೆಲಸದ ಫೈಲುಗಳು ಇಲ್ಲದ, ಬರೀ ಇತಿಹಾಸ ಇರುವ ಫೋಲ್ಡರ್ ಆಗುತ್ತದೆ. ಅದನ್ನು ವೆಬ್‌ಗೆ ಜೋಡಿಸುವುದು ಗಿಟ್ ಎಚ್‌ಟಿಟಿಪಿ ಬ್ಯಾಕೆಂಡ್ ಎನ್ನುವ ಪ್ರೋಗ್ರಾಂ. ಗಿಟ್ 1.6.6ರಿಂದ ಅದು ಗಿಟ್ ಜೊತೆಗೇ ಬರುತ್ತಿದೆ. ಡೆಬಿಯನ್‌ನಲ್ಲಿ ಇರುವುದು ಗಿಟ್ ಕೋರ್ ಫೋಲ್ಡರ್ ಒಳಗೆ. ಅಪಾಚೆಯಲ್ಲಿ ಸಿಜಿಐ, ಅಲಿಯಾಸ್, ಎನ್ವ್ ಎಂಬ ಮೂರು ಮಾಡ್ಯೂಲ್ ಚಾಲೂ ಮಾಡಿದೆ. ಆಮೇಲೆ ಸ್ಕ್ರಿಪ್ಟ್ ಅಲಿಯಾಸ್ ಬರೆದು, 'ಗಿಟ್' ಎಂದು ಶುರುವಾಗುವ ವಿಳಾಸವನ್ನೆಲ್ಲ ಆ ಪ್ರೋಗ್ರಾಂಗೆ ಕಳಿಸಿದೆ. ಎರಡೂ ಕಡೆ ಕೊನೆಗೆ ಸ್ಲ್ಯಾಷ್ ಇರಬೇಕು, ಇದನ್ನು ಎರಡು ಸಲ ಓದಿ. ಜೊತೆಗೆ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್. ರೆಪೊಗಳು ಎಲ್ಲಿವೆ ಎಂದು ಹೇಳುವುದು ಗಿಟ್ ಪ್ರಾಜೆಕ್ಟ್ ರೂಟ್. ಅಲ್ಲಿರುವುದನ್ನೆಲ್ಲ ತೋರಿಸಬಹುದು ಎಂದು ಹೇಳುವುದು ಗಿಟ್ ಎಚ್‌ಟಿಟಿಪಿ ಎಕ್ಸ್‌ಪೋರ್ಟ್ ಆಲ್. ಎರಡನೆಯದು ಇಲ್ಲದಿದ್ದರೆ ಒಂದೊಂದು ರೆಪೊ ಒಳಗೂ ಅನುಮತಿಯ ಖಾಲಿ ಫೈಲ್ ಇಡುತ್ತಾ ಕೂರಬೇಕು.

ಇನ್ನು ಲಾಗಿನ್. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ತಲೆನೋವು ಬಹಳ ಕಡಿಮೆ. ಪುಷ್ ಮಾಡಲು ಬಿಡಬೇಕೋ ಬೇಡವೋ ಎಂದು ಆ ಬ್ಯಾಕೆಂಡ್ ತಾನಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಅಪಾಚೆ ಲಾಗಿನ್ ಮಾಡಿಸಿ ಬಳಕೆದಾರನ ಹೆಸರು ಕೊಟ್ಟಿದೆಯಾ ಅಂತ ಮಾತ್ರ ನೋಡುತ್ತದೆ. ಹೆಸರು ಇದ್ದರೆ ಪುಷ್ ಆಗುತ್ತದೆ, ಇಲ್ಲದಿದ್ದರೆ 403, ಅಂದರೆ ಅನುಮತಿ ಇಲ್ಲ. ಅಂದರೆ ಯಾರು ಏನು ಮಾಡಬಹುದು ಎನ್ನುವುದೆಲ್ಲ ಅಪಾಚೆಯ ಕೈಯಲ್ಲಿ. ಟ್ರೈನಿಗಳು ಓದಬಹುದು, ಪುಷ್ ಮಾಡಬಾರದು ಅಂತ ಬೇಕಿತ್ತು. ಪುಷ್ ಆಗುವಾಗ ಗಿಟ್ ರಿಸೀವ್ ಪ್ಯಾಕ್ ಎಂದು ಕೊನೆಯಾಗುವ ವಿಳಾಸಕ್ಕೆ ಕೋರಿಕೆ ಹೋಗುತ್ತದೆ, ಕ್ಲೋನ್ (ಪೂರ್ತಿ ರೆಪೊ ಇಳಿಸುವುದು) ಮತ್ತು ಪುಲ್ (ಹೊಸದನ್ನಷ್ಟೇ ಇಳಿಸುವುದು) ಆಗುವಾಗ ಅಪ್‌ಲೋಡ್ ಪ್ಯಾಕ್ ಎಂಬುದಕ್ಕೆ. ಮೊದಲಿನ ವಿಳಾಸಕ್ಕೆ ಒಂದು ಗುಂಪಿನವರನ್ನು ಮಾತ್ರ ಬಿಡಿ ಎಂದು ಬರೆದರೆ ಆಯಿತು.

ಲಾಗ್ ನೋಡಿ ಹೆದರಬೇಡಿ. ಪ್ರತಿ ಕ್ಲೋನಿಗೂ ಮೊದಲ ಸಾಲಿನಲ್ಲಿ 401 ಕಾಣುತ್ತದೆ, ಮುಂದಿನ ಸಾಲಿನಲ್ಲಿ ಅದೇ ವಿಳಾಸಕ್ಕೆ 200. ಗಿಟ್ ಮೊದಲು ಪಾಸ್‌ವರ್ಡ್ ಇಲ್ಲದೆ ಕೇಳುತ್ತದೆ, ಸರ್ವರ್ ಬೇಕು ಎಂದ ಮೇಲೆ ಕೊಡುತ್ತದೆ. ನಮ್ಮ ಸರ್ ಒಮ್ಮೆ ಲಾಗ್ ನೋಡಿ 'ಎಂತ ಇದು, ಯಾರೋ ಒಳಗೆ ಬರ್ಲಿಕ್ಕೆ ನೋಡ್ತಿದ್ದಾರಾ?' ಅಂತ ಕೇಳಿದ್ದರು.

ತೊಂದರೆ ಕೊಟ್ಟದ್ದು ಫೈಲಿನ ಮಾಲೀಕತ್ವ. ರೆಪೊ ಮಾಡಿದ್ದು ನನ್ನ ಲಾಗಿನ್‌ನಿಂದ, ಅಪಾಚೆ ಓಡುವುದು ತನ್ನದೇ ಬಳಕೆದಾರನ ಹೆಸರಲ್ಲಿ. 2022ರ ಏಪ್ರಿಲ್‌ನಲ್ಲಿ ಬಂದ 2.35.2ರಿಂದ ಗಿಟ್ ಇದನ್ನು ಪರೀಕ್ಷಿಸುತ್ತದೆ, ಬೇರೆಯವರ ಫೋಲ್ಡರ್ ಅಂತ ಕಂಡರೆ ಮುಟ್ಟುವುದಿಲ್ಲ. ಭದ್ರತೆಗೆ ಬೇಕಾದದ್ದೇ. ಆದರೆ ಕ್ಲೋನ್ ಮಾಡುವವರಿಗೆ ತಲೆಬುಡ ಇಲ್ಲದ ಎರರ್ ಸಿಗುತ್ತದೆ. ನಿಜ ಕಾರಣ ಇರುವುದು ಅಪಾಚೆಯ ಎರರ್ ಲಾಗ್‌ನಲ್ಲಿ, 'ಡ್ಯೂಬಿಯಸ್ ಓನರ್‌ಶಿಪ್' ಎಂಬ ಮಾತಿನಲ್ಲಿ. ಸೇಫ್ ಡೈರೆಕ್ಟರಿ ಎಂಬ ಸೆಟಿಂಗಿಗೆ ನಕ್ಷತ್ರ ಹಾಕಿ ಎಲ್ಲವನ್ನೂ ಬಿಟ್ಟುಬಿಡಿ ಅನ್ನುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ರೆಪೊ ಫೋಲ್ಡರ್‌ಗಳನ್ನೆಲ್ಲ ಅಪಾಚೆಯ ಬಳಕೆದಾರನಿಗೇ ಬರೆದುಕೊಟ್ಟೆ. ಹೊಸ ರೆಪೊ ಮಾಡುವುದೂ ಈಗ ಒಂದು ಸ್ಕ್ರಿಪ್ಟ್, ಅದು ಆ ಬಳಕೆದಾರನ ಹೆಸರಲ್ಲೇ ಓಡುತ್ತದೆ.

ಆ ಸ್ಕ್ರಿಪ್ಟಿನಲ್ಲಿ ಇನ್ನೂ ಮೂರು ನಾಲ್ಕು ಸೆಟಿಂಗ್ ಸೇರಿಸಿದ್ದೇನೆ. ಇತಿಹಾಸ ತಿದ್ದುವ ಪುಷ್ ಬೇಡ, ಬ್ರಾಂಚ್ (ಕೋಡಿನ ಕವಲು) ಅಳಿಸುವುದು ಬೇಡ, ಇವೆರಡು ಎಲ್ಲರೂ ಹಾಕುವಂಥದ್ದು. ನನಗೆ ಜಾಸ್ತಿ ಇಷ್ಟವಾದದ್ದು ರೆಫ್‌ಲಾಗ್. ಬೇರ್ ರೆಪೊದಲ್ಲಿ ಅದು ಮಾಮೂಲಾಗಿ ಆಫ್ ಇರುತ್ತದೆ. ಕೋರ್ ಲಾಗ್ ಆಲ್ ರೆಫ್ ಅಪ್‌ಡೇಟ್ಸ್ ಎಂಬುದನ್ನು ಆನ್ ಮಾಡಿದರೆ ಪ್ರತಿ ಪುಷ್‌ಗೂ ಒಂದು ಸಾಲು ಬೀಳುತ್ತದೆ. ಹಳೇ ಹ್ಯಾಶ್ (ಕಮಿಟ್‌ನ, ಅಂದರೆ ಉಳಿಸಿದ ಒಂದು ಬದಲಾವಣೆಯ ಗುರುತು), ಹೊಸ ಹ್ಯಾಶ್, ಆಮೇಲೆ ಲಾಗಿನ್ ಹೆಸರು, ಮೇಲ್ ವಿಳಾಸ ಇರಬೇಕಾದ ಜಾಗದಲ್ಲಿ ಅದೇ ಹೆಸರಿನ ಜೊತೆ ಆ ಕಂಪ್ಯೂಟರಿನ ಐಪಿ, ಕೊನೆಗೆ ಸಮಯ. ಕಮಿಟ್‌ನಲ್ಲಿರುವ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು. ಇದು ಹಾಗಲ್ಲ, ಪಾಸ್‌ವರ್ಡ್ ಕೊಟ್ಟು ಬಂದವರ ಹೆಸರು. 'ನಾನಲ್ಲ ಸರ್' ಎಂಬ ಮಾತು ನಮ್ಮಲ್ಲಿ ಈಗ ಕೇಳುವುದು ಕಡಿಮೆ. 90 ದಿನದ ಮೇಲೆ ಗಿಟ್ ತಾನೇ ಆ ಸಾಲುಗಳನ್ನು ತೆಗೆಯುತ್ತದೆ, ಬೇಡ ಎಂದರೆ ರೆಫ್‌ಲಾಗ್ ಎಕ್ಸ್‌ಪೈರ್‌ಗೆ 'ನೆವರ್' ಅಂತ ಕೊಡಬೇಕು.

ಹಳೇ ಕೋಡ್ ತಂದದ್ದು, ಸಬ್‌ವರ್ಷನ್‌ನಿಂದ ಗಿಟ್‌ಗೆ ತರುವ ಗಿಟ್ ಎಸ್‌ವಿಎನ್ ಎಂಬುದರಿಂದ. ಅದು ಒಂದೊಂದೇ ರಿವಿಷನ್ (ಸಬ್‌ವರ್ಷನ್‌ನ ಕಮಿಟ್) ಎಳೆಯುತ್ತದೆ, ನಿಧಾನ. ನೆಟ್‌ವರ್ಕ್ ಮೇಲೆ ಎಳೆಯುವ ಬದಲು ಸಬ್‌ವರ್ಷನ್ ರೆಪೊವನ್ನೇ ಹೊಸ ಸರ್ವರ್‌ಗೆ ಕಾಪಿ ಮಾಡಿ, ಅಲ್ಲೇ ಫೈಲ್ ವಿಳಾಸ ಕೊಟ್ಟು, ಸಂಜೆ ಮನೆಗೆ ಹೋಗುವ ಮೊದಲು ಶುರು ಮಾಡಿದೆ. ಅದಕ್ಕೆ ಆಥರ್ಸ್ ಫೈಲ್ ಬೇಕು, ಹಳೇ ಲಾಗಿನ್ ಹೆಸರಿಗೆ ಎದುರು ಪೂರ್ತಿ ಹೆಸರು ಮತ್ತು ಮೇಲ್. ಒಂದು ಹೆಸರು ತಪ್ಪಿದರೂ ಅಲ್ಲಿಗೇ ನಿಲ್ಲುತ್ತದೆ. ಬೆಂಗಳೂರಿಗೆ ಹೋದವರು, ದುಬೈಗೆ ಹೋದವರು, 'ಟೆಸ್ಟ್' ಎಂಬ ಹೆಸರಲ್ಲಿ ಕಮಿಟ್ ಮಾಡಿ ಮಾಯವಾದವರು, ಎಲ್ಲರನ್ನೂ ಹುಡುಕಿ ಬರೆದೆ.

ಇಲ್ಲಿ ಒಂದು ಕಡೆ ನಾನು ಎಲ್ಲರ ಸಲಹೆಗೆ ವಿರುದ್ಧ ಹೋದೆ. ಗಿಟ್ ಎಸ್‌ವಿಎನ್ ಪ್ರತಿ ಕಮಿಟ್ ಸಂದೇಶದ ಕೆಳಗೆ ಹಳೇ ರಿವಿಷನ್ ನಂಬರ್ ಇರುವ ಒಂದು ಸಾಲು ಸೇರಿಸುತ್ತದೆ. ನೋಡಲಿಕ್ಕೆ ಚಂದ ಇಲ್ಲ, 'ನೋ ಮೆಟಾಡೇಟಾ' ಕೊಟ್ಟು ತೆಗೆಯಿರಿ ಅನ್ನುತ್ತಾರೆ. ನಾನು ತೆಗೆಯಲಿಲ್ಲ. ನಮ್ಮ ಕಂಪ್ಲೇಂಟ್ ರಿಜಿಸ್ಟರಿನಲ್ಲಿ, ಹೌದು, ಕೈಬರಹದ ರಿಜಿಸ್ಟರೇ, ಡೀಸೆಲ್ ಲೆಕ್ಕ ಇಂಥ ರಿವಿಷನ್‌ನಲ್ಲಿ ಸರಿ ಮಾಡಿದೆ ಎಂದು ವರ್ಷಗಟ್ಟಲೆ ಬರೆದಿಟ್ಟಿದ್ದೇವೆ. ಆ ಸಾಲು ಹೋದರೆ ರಿಜಿಸ್ಟರು ರದ್ದಿ. ಈಗ ಲಾಗ್‌ನಲ್ಲಿ ಆ ನಂಬರ್ ಗ್ರೆಪ್ ಮಾಡಿ ಹುಡುಕಿದರೆ ಸೀದಾ ಕಮಿಟ್ ಸಿಗುತ್ತದೆ.

ಇನ್ನೆರಡು ವಿಷಯ. ಗಿಟ್ ಖಾಲಿ ಫೋಲ್ಡರ್ ಇಟ್ಟುಕೊಳ್ಳುವುದಿಲ್ಲ, ನಮ್ಮ ಇನ್‌ಸ್ಟಾಲರಿಗೋ ಒಂದು ಖಾಲಿ ಫೋಲ್ಡರ್ ಬೇಕೇ ಬೇಕು. 'ಪ್ರಿಸರ್ವ್ ಎಂಪ್ಟಿ ಡರ್ಸ್' ಎಂಬ ಆಯ್ಕೆ ಅದಕ್ಕೇ ಇರುವುದು. ಎರಡನೆಯದು ಕನ್ನಡ. ರಿಪೋರ್ಟ್ ಫೈಲುಗಳ ಹೆಸರು ನಮ್ಮಲ್ಲಿ ಕನ್ನಡದಲ್ಲೇ ಉಂಟು. ಗಿಟ್ ಸ್ಟೇಟಸ್ ಕೊಟ್ಟರೆ ಹೆಸರಿನ ಬದಲು ಬ್ಯಾಕ್‌ಸ್ಲ್ಯಾಷ್ 340, ಬ್ಯಾಕ್‌ಸ್ಲ್ಯಾಷ್ 262 ಅಂತ ಉದ್ದಕ್ಕೆ ಅಂಕಿಗಳು. ಫೈಲ್ ಹಾಳಾಗಿದೆ ಅಂತ ಒಬ್ಬಳು ಟ್ರೈನಿ ಓಡಿಬಂದಳು. ಏನೂ ಹಾಳಾಗಿಲ್ಲ. ಕೋರ್ ಕೋಟ್ ಪಾತ್ ಎಂಬುದನ್ನು ಫಾಲ್ಸ್ ಮಾಡಿದರೆ ಅಕ್ಷರ ಅಕ್ಷರವಾಗಿಯೇ ಕಾಣುತ್ತದೆ. ಇದು ಸರ್ವರ್‌ನಲ್ಲಿ ಅಲ್ಲ, ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಮಾಡಬೇಕು.

ಎಚ್‌ಟಿಟಿಪಿಎಸ್ (ನಡುವೆ ಯಾರೂ ಓದಲಾಗದ ವೆಬ್ ಸಂಪರ್ಕ) ಇಲ್ಲದೆ ಪಾಸ್‌ವರ್ಡ್ ಕಳಿಸುವುದು ಆಗುವುದಿಲ್ಲ, ಆಫೀಸಿನ ಒಳಗಾದರೂ ಸರಿ. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನಿಂದ ಒಳಗೆ ಬರುವ ದಾರಿಯೇ ಇಲ್ಲ, ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚಿರುತ್ತಾರೆ. ಆದರೂ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಸಿಗುತ್ತದೆ. ಡಿಎನ್‌ಎಸ್ (ಡೊಮೇನ್ ಹೆಸರುಗಳ ದಾಖಲೆ ವ್ಯವಸ್ಥೆ) ಮೂಲಕ ಪರೀಕ್ಷೆ ಮಾಡುವ ಬಗೆ ಉಂಟು, ಡೊಮೇನ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಹಾಕಿದರೆ ಸಾಕು, ಸರ್ವರ್ ಹೊರಗೆ ಕಾಣಬೇಕು ಅಂತ ಇಲ್ಲ. ನಮಗೆ ಸಿಕ್ಕಿದ ಸರ್ಟಿಫಿಕೇಟಿನ ಅವಧಿ 90 ದಿನ, ಆದ್ದರಿಂದ ಆ ದಾಖಲೆ ಹಾಕುವ ಕೆಲಸವನ್ನು ಕೈಯಲ್ಲಿ ಮಾಡುವ ಯೋಚನೆ ಬೇಡ, ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಪ್ರೋಗ್ರಾಂ ತಾನೇ ಮಾಡಿಕೊಳ್ಳುವ ಹಾಗಿರಲಿ. ಡೊಮೇನನ್ನು ಆಫೀಸಿನ ಒಳಗಿನ ಐಪಿಗೆ ತೋರಿಸಿದಾಗ ಕೆಲವು ರೂಟರ್‌ಗಳು ಆ ಉತ್ತರವನ್ನು ತಡೆಯುತ್ತವೆ, ರೀಬೈಂಡಿಂಗ್ ರಕ್ಷಣೆ ಅಂತ. ನಮ್ಮದೂ ತಡೆಯಿತು, ಆ ಒಂದು ಹೆಸರಿಗೆ ವಿನಾಯಿತಿ ಕೊಟ್ಟೆ. ಮಂಗಳೂರಿನಿಂದ ಕೆಲಸ ಮಾಡುವ ಇಬ್ಬರಿಗೆ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ಒಂದರ ಮೂಲಕ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಖಾಸಗಿ ದಾರಿ. 25 ಸೆಕೆಂಡಿನ ಕೀಪ್ ಅಲೈವ್ ಹಾಕಿದರೆ ಆ ದಾರಿ ಮುಚ್ಚಿಕೊಳ್ಳುವುದಿಲ್ಲ.

ಈಗ ಕರೆಂಟಿನ ವಿಷಯ. ಯುಪಿಎಸ್ ಇಟ್ಟರೆ ಅರ್ಧ ಕೆಲಸ ಮಾತ್ರ. ಅದರ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಚುಚ್ಚಿ ನಟ್ ಎಂಬ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ಇಳಿದಾಗ ಮೆಷೀನ್ ತಾನೇ ಶಟ್‌ಡೌನ್ ಆಗಬೇಕು. ಕರೆಂಟು ಬಂದಾಗ ತಾನೇ ಆನ್ ಆಗುವ ಸೆಟಿಂಗ್ ಬಯಾಸ್‌ನಲ್ಲಿ ಉಂಟು. ಭಾನುವಾರ ಬಂದು ಬಟನ್ ಒತ್ತುವವರು ಯಾರು? ಸಿಡಿಲು ಮೇ ತಿಂಗಳಲ್ಲಿ ಜಾಸ್ತಿ, ಮಳೆ ಹಿಡಿಯುವ ಮೊದಲು. ಅದು ಪ್ಲಗ್‌ನಿಂದಷ್ಟೇ ಅಲ್ಲ, ನೆಟ್‌ವರ್ಕ್ ಕೇಬಲ್‌ನಿಂದಲೂ ಬರುತ್ತದೆ, ಹಾಗಾಗಿ ಮೋಡ ಕಟ್ಟಿದರೆ ಸಂಜೆ ಎರಡನ್ನೂ ಕಿತ್ತು ಹೋಗುತ್ತೇವೆ.

ಬ್ಯಾಕಪ್ ಎರಡು ತರ. ಸರ್ ಮನೆಯಲ್ಲಿರುವ ಇನ್ನೊಂದು ಮೆಷೀನ್ ದಿನಾ ರಾತ್ರಿ ರೆಪೊಗಳ ಮಿರರ್ (ಪಡಿಯಚ್ಚು) ಎಳೆಯುತ್ತದೆ. ಮಿರರ್ ಅಂದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಬಹುದು, ಹಾಗಾಗಿ ವಾರಕ್ಕೊಮ್ಮೆ ಪ್ರತಿ ರೆಪೊಗೂ ಗಿಟ್ ಬಂಡಲ್ ಮಾಡಿ, ತಾರೀಕು ಹಾಕಿ ಹಾರ್ಡ್‌ಡಿಸ್ಕ್‌ನಲ್ಲಿ ಇಡುತ್ತೇವೆ. ಬಂಡಲ್ ಒಂದೇ ಫೈಲು, ಅದರಿಂದಲೇ ನೇರ ಕ್ಲೋನ್ ಮಾಡಬಹುದು, ಆಗಾಗ ಒಂದನ್ನು ಲ್ಯಾಪ್‌ಟಾಪ್‌ನಲ್ಲಿ ಕ್ಲೋನ್ ಮಾಡಿ ನೋಡುತ್ತೇನೆ. ರೆಪೊದ ಕಾನ್ಫಿಗ್, ಹುಕ್‌ಗಳು, ಆ ರೆಫ್‌ಲಾಗ್, ಅಪಾಚೆಯ ಪಾಸ್‌ವರ್ಡ್ ಫೈಲ್ ಇವು ಯಾವುವೂ ಮಿರರ್‌ನಲ್ಲಾಗಲಿ ಬಂಡಲ್‌ನಲ್ಲಾಗಲಿ ಬರುವುದಿಲ್ಲ. ಅವನ್ನು ಬೇರೆ ಟಾರ್ ಮಾಡಿ ಇಡಬೇಕು.

ಬ್ರೌಸರ್‌ನಲ್ಲಿ ನೋಡಲು ಗಿಟ್‌ವೆಬ್ ಹಾಕಿದ್ದೇನೆ, ಸರ್ ನೋಡುತ್ತಾರೆ, ನಾವು ಯಾರೂ ನೋಡುವುದಿಲ್ಲ. ಪ್ರತಿ ರೆಪೊದಲ್ಲಿರುವ ಡಿಸ್ಕ್ರಿಪ್ಶನ್ ಫೈಲಿನಲ್ಲಿ ಎರಡು ಮಾತು ಬರೆಯಿರಿ, ಇಲ್ಲದಿದ್ದರೆ ಎಲ್ಲದರ ಎದುರೂ 'ಹೆಸರಿಲ್ಲದ ರೆಪೊ' ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು ಕಾಣುತ್ತದೆ. ಜನ ಹದಿನೈದು ಇಪ್ಪತ್ತಾಗಿ, ಪುಲ್ ರಿಕ್ವೆಸ್ಟ್ ಬೇಕು ಅನ್ನುವ ಕಾಲ ಬಂದರೆ ಫೋರ್ಜೆಯೊ ಹಾಕುತ್ತೇನೆ. ಅದು 2022ರಲ್ಲಿ ಗಿಟೀಯಿಂದಲೇ ಕವಲೊಡೆದದ್ದು. ಬೇರ್ ರೆಪೊಗಳು ಹಾಗೇ ಇರುವುದರಿಂದ ಆವಾಗ ಅದರಲ್ಲಿ ಖಾಲಿ ರೆಪೊ ಮಾಡಿ ಮಿರರ್ ಪುಷ್ ಕೊಡುವುದು, ಎಲ್ಲರೂ ರಿಮೋಟ್ ವಿಳಾಸ ಬದಲಾಯಿಸಿಕೊಳ್ಳುವುದು, ಇಷ್ಟೇ ಕೆಲಸ.