ಬೆನ್ನು ಒಡೆಯದ ಕಾರ್ಡು: ಕಾಗದಕ್ಕೆ ಗೀರು ಹಾಕುವುದು ಹೇಗೆ?

ತಂಗಿಯ ಮಗುವಿನ ನಾಮಕರಣಕ್ಕೆ 60 ಕಾರ್ಡು ನಾನೇ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಕುಂಕುಮ ಬಣ್ಣದ ದಪ್ಪ ಶೀಟು, ಮೇಲೊಂದು ಪುಟ್ಟ ತೊಟ್ಟಿಲ ಚಿತ್ರ. ಎಲ್ಲ ಚೆನ್ನಾಗೇ ಬಂದಿತ್ತು, ಮಡಚುವ ತನಕ. ಮಡಚಿದ್ದೇ ತಡ, ಬೆನ್ನಿನ ಉದ್ದಕ್ಕೂ ಬಣ್ಣ ಒಡೆದು ಒಳಗಿನ ಬಿಳಿ ನಾರು ಎದ್ದಿತು. ಥೇಟ್ ಚಳಿಗಾಲದ ಹಿಮ್ಮಡಿ.

ತಪ್ಪು ಎರಡಿತ್ತು. ಗೀರು ಹಾಕದೆ, ಅಂದರೆ ಮಡಿಕೆ ಬರುವ ಕಡೆ ಮೊನೆಯಿಂದ ಒತ್ತಿ ತಗ್ಗು ಗೆರೆ ಮಾಡಿಕೊಳ್ಳದೆ, ಮಡಚಿದ್ದು ಒಂದು, ಹಾಳೆಯ ನಾರು ಯಾವ ಕಡೆಗಿದೆ ಎಂದು ನೋಡದೇ ಇದ್ದದ್ದು ಇನ್ನೊಂದು. ಗೀರಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾರಿನ ಬಗ್ಗೆ ಹೇಳುವವರು ಕಡಿಮೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ನಾರಿನ ದಿಕ್ಕು

ಕಾರ್ಖಾನೆಯಲ್ಲಿ ನೀರಿನಂಥ ತಿರುಳು ಓಡುವ ಜಾಲರಿಯ ಮೇಲೆ ಬಿದ್ದು ಕಾಗದವಾಗುತ್ತದೆ. ಜಾಲರಿ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ನಂಬಿಕೆ ಬರದಿದ್ದರೆ ನಿನ್ನೆಯ ಪೇಪರಿನ ದೊಡ್ಡ ಪುಟವೊಂದನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಸೀರೆ ಅಂಗಡಿಯವರು ಬಟ್ಟೆ ಹರಿದಷ್ಟು ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು.

ದಪ್ಪ ಶೀಟನ್ನು ಹರಿಯಬೇಕಾಗಿಲ್ಲ. ಮಡಿಕೆ ಬೀಳದಂತೆ ಮೆಲ್ಲಗೆ ಬಗ್ಗಿಸಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಸಲೀಸಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ನಾರು ಇದೆ ಎಂದರ್ಥ. ಮಡಿಕೆಯೂ ಅದೇ ದಿಕ್ಕಿಗೆ ಬರಬೇಕು. ಅಡ್ಡಕ್ಕೆ ಮಡಚಿದರೆ ಒಂದೊಂದು ನಾರನ್ನೂ ಮುರಿದಂತೆ, ಬಿರುಕು ಬಿಡದೆ ಏನಾದೀತು?

ಇಲ್ಲಿ ಒಂದು ಲೆಕ್ಕವಿದೆ. ಎ4 ಹಾಳೆಯ ಅಳತೆ 210 x 297 ಮಿ.ಮೀ. ಸಾಮಾನ್ಯವಾಗಿ ಇದರಲ್ಲಿ ನಾರು 297ರ ಉದ್ದಕ್ಕೆ ಇರುತ್ತದೆ. ನಾವೆಲ್ಲ ಮಾಡುವುದೇನು? ಹಾಳೆಯನ್ನು ನಡುವೆ ಮಡಚಿ ಕಾರ್ಡು ಎನ್ನುತ್ತೇವೆ. ಆ ಮಡಿಕೆ ನಾರಿಗೆ ಸರಿಯಾಗಿ ಅಡ್ಡ! ಅದೇ ಹಾಳೆಯನ್ನು ನಡುವೆ ಕತ್ತರಿಸಿ ಎರಡು ಮಾಡಿ, ಒಂದೊಂದನ್ನೂ ಮತ್ತೆ ನಡುವೆ ಮಡಚಿದರೆ 105 x 148.5 ಮಿ.ಮೀ. ಕಾರ್ಡು ಸಿಗುತ್ತದೆ, ಮಡಿಕೆಯೂ ನಾರಿನ ದಿಕ್ಕಿಗೇ ಬರುತ್ತದೆ. ಒಂದು ಹಾಳೆಗೆ ಎರಡು ಕಾರ್ಡು, ಬಿರುಕೂ ಇಲ್ಲ. ದೊಡ್ಡ ಕಾರ್ಡೇ ಬೇಕೆಂದರೆ ದೊಡ್ಡ ಶೀಟು ತಂದು, ಬಗ್ಗಿಸಿ ನೋಡಿ, ಬೇಕಾದ ದಿಕ್ಕಿಗೆ ಕತ್ತರಿಸಿಕೊಳ್ಳಿ.

ಕೈಯಿಂದ ಮಾಡಿದ ಕಾಗದಕ್ಕೆ ಈ ತಲೆನೋವಿಲ್ಲ, ಅದರಲ್ಲಿ ನಾರು ಎಲ್ಲ ಕಡೆಗೂ ಹರಡಿರುತ್ತದೆ.

ಸಾಮಾನು

ಮೂಳೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಬೋನ್ ಫೋಲ್ಡರ್ ಎಂಬ ಚಪ್ಪಟೆ ಕಡ್ಡಿ ಸಿಗುತ್ತದೆ. ಇದ್ದರೆ ಒಳ್ಳೆಯದು. ನಾನು ಇವತ್ತಿಗೂ ಗೀರು ಹಾಕುವುದು ಇಂಕು ಪೂರ್ತಿ ಮುಗಿದ ಬಾಲ್‌ಪೆನ್ನಿನಿಂದ. 'ಪೂರ್ತಿ' ಎಂಬುದು ಮುಖ್ಯ, ಮೊದಲು ರದ್ದಿ ಕಾಗದದ ಮೇಲೆ ಗೀಚಿ ನೋಡಿ. ಜೊತೆಗೆ ಸ್ಟೀಲ್ ಸ್ಕೇಲು, ಕೆಳಗೆ ಹಾಸಲು ಹಳೆಯ ವಾರಪತ್ರಿಕೆ. ಗಾಜು ಅಥವಾ ಗ್ರಾನೈಟಿನ ಮೇಲಿಟ್ಟರೆ ಗೀರು ಇಳಿಯುವುದಿಲ್ಲ, ಟವೆಲಿನಂಥ ಮೆತ್ತನೆಯದರ ಮೇಲಿಟ್ಟರೆ ಹಾಳೆಯೇ ತಗ್ಗುತ್ತದೆ.

ಬ್ಲೇಡಿನಿಂದ ಅರ್ಧ ಕೊಯ್ದು ಮಡಚುವವರೂ ಇದ್ದಾರೆ. ದಪ್ಪ ರಟ್ಟಿಗೆ ಸರಿ. ಕಾರ್ಡಿಗೆ ಬೇಡ, ನಾಲ್ಕು ಸಲ ತೆರೆದು ಮುಚ್ಚುವಷ್ಟರಲ್ಲಿ ಕಿತ್ತು ಬರುತ್ತದೆ.

ಗೀರು ಹಾಕುವಾಗ

ಹಾಳೆಯ ಹೊರಮೈ, ಅಂದರೆ ಕಾರ್ಡಿನ ಮುಖ ಮೇಲೆ ಬರುವಂತೆ ಇಟ್ಟುಕೊಳ್ಳಿ. ಮಡಿಕೆ ಬರುವ ಕಡೆ ಮೇಲಂಚಿಗೊಂದು, ಕೆಳಂಚಿಗೊಂದು ಪೆನ್ಸಿಲ್ ಚುಕ್ಕೆ ಸಾಕು, ಗೆರೆ ಎಳೆಯಬೇಡಿ. ಪೆನ್ನಿನ ಮೊನೆ ಸ್ಕೇಲಿಗೆ ಪೂರ್ತಿ ಅಂಟಿ ಓಡುವುದಿಲ್ಲ. ಆದ್ದರಿಂದ ಸ್ಕೇಲನ್ನು ಚುಕ್ಕೆಯಿಂದ ಸುಮಾರು ಅರ್ಧ ಮಿ.ಮೀ. ಹಿಂದಿಟ್ಟು, ಮೊನೆ ಚುಕ್ಕೆಯ ಮೇಲೇ ಬೀಳುತ್ತದೆಯೇ ಎಂದು ಎರಡೂ ತುದಿಯಲ್ಲಿ ನೋಡಿಕೊಳ್ಳಿ.

ಸ್ಕೇಲನ್ನು ಅಂಗೈಯಗಲಕ್ಕೆ ಒತ್ತಿ ಹಿಡಿದು, ಪೆನ್ನನ್ನು ಸ್ವಲ್ಪ ಓರೆಯಾಗಿಸಿ ನಿಮ್ಮ ಕಡೆಗೆ ಎಳೆಯಿರಿ. ಮೊದಲ ಸಲ ಹಗುರ. ಎರಡನೇ ಸಲ ಅದೇ ದಾರಿಯಲ್ಲಿ ಒಂಚೂರು ಒತ್ತಿ, ಬೇಕಿದ್ದರೆ ಮೂರನೇ ಸಲ. ಒಂದೇ ಏಟಿಗೆ ಒತ್ತಿದರೆ ಮೊನೆ ಹಾಳೆಯನ್ನು ಸಿಗಿದುಬಿಡುತ್ತದೆ. ಹಾಳೆ ತಿರುಗಿಸಿ ಬೆರಳಾಡಿಸಿದರೆ ಸಣ್ಣ ದಿಂಡು ತಾಕಬೇಕು.

ಈಗ ಹೆಚ್ಚಿನವರು ಎಡವುವ ಜಾಗ. ಗೀರು ತಗ್ಗಾಗಿದೆಯಲ್ಲ ಎಂದು ಅದರ ಒಳಕ್ಕೇ ಮಡಚುತ್ತಾರೆ. ಉಲ್ಟಾ ಮಡಚಬೇಕು. ತಗ್ಗು ಹೊರಗೆ, ದಿಂಡು ಮಡಿಕೆಯ ಒಳಗೆ. ಗೀರು ಬಿದ್ದಲ್ಲಿ ಕಾಗದದ ಪದರಗಳು ಒಂದರಿಂದೊಂದು ಸಡಿಲವಾಗಿರುತ್ತವೆ. ಮಡಚಿದಾಗ ಅವು ಒಳಕ್ಕೆ ಉಬ್ಬಿ ಜಾಗ ಮಾಡಿಕೊಳ್ಳುತ್ತವೆ, ಹೊರಪದರಕ್ಕೆ ಎಳೆತ ಕಡಿಮೆಯಾಗುತ್ತದೆ. ಪ್ರೆಸ್‌ನವರು ಕ್ರೀಸಿಂಗ್ ಎನ್ನುವುದೂ ಇದನ್ನೇ. ಮನೆಯಲ್ಲಿ ದಪ್ಪ ಲಗ್ನಪತ್ರಿಕೆ ಇದ್ದರೆ ಮಡಿಕೆಯ ಒಳಬದಿ ಸವರಿ ನೋಡಿ.

ಅಂಚಿಗೆ ಅಂಚು ಕೂಡಿಸಿ ನಿಧಾನಕ್ಕೆ ಮಡಚಿ. ಮೇಲೊಂದು ತೆಳು ಹಾಳೆ ಇಟ್ಟು, ಫೋಲ್ಡರಿನಿಂದಲೋ ಸ್ಟೀಲ್ ಚಮಚದ ಬೆನ್ನಿನಿಂದಲೋ ಒಮ್ಮೆ ತೀಡಿ. ನೇರವಾಗಿ ತೀಡಿದರೆ ಬಣ್ಣದ ಹಾಳೆ ಅಷ್ಟುದ್ದ ಹೊಳಪಾಗಿ ಅಸಹ್ಯವಾಗಿ ಕಾಣುತ್ತದೆ.

ಹತ್ತಾರು ಕಾರ್ಡು ಇದ್ದರೆ

ಪ್ರತಿಯೊಂದನ್ನೂ ಅಳೆಯುತ್ತ ಕೂತರೆ ರಾತ್ರಿಯಾಗುತ್ತದೆ. ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನಿಂದ ಎರಡು ತುಂಡು ಕತ್ತರಿಸಿ, ನಡುವೆ 1ರಿಂದ 1.5 ಮಿ.ಮೀ. ಸಂದು ಬಿಟ್ಟು ಹಲಗೆಗೆ ಅಂಟಿಸಿ. ಸಂದಿನ ನಡುವಿನಿಂದ 105 ಮಿ.ಮೀ. ದೂರದಲ್ಲಿ ತಡೆಗೆ ಇನ್ನೊಂದು ಪಟ್ಟಿ. ಹಾಳೆಯನ್ನು ಪಟ್ಟಿಗೆ ತಾಗಿಸಿಟ್ಟು ಪೆನ್ನನ್ನು ಸಂದಿನ ಮೇಲೆ ಓಡಿಸಿದರಾಯಿತು. ಸಂದೇ ಪೆನ್ನನ್ನು ಹಿಡಿದುಕೊಳ್ಳುತ್ತದೆ, ಸ್ಕೇಲೂ ಬೇಡ.

ಮೂರು ಮಡಿಕೆಯ ಪತ್ರಿಕೆಯಾದರೆ 297ನ್ನು ಸಮ ಮೂರು ಭಾಗ ಮಾಡಬೇಡಿ. 100, 100, 97 ಎಂದು ಮಾಡಿ, ಒಳಗೆ ಹೋಗುವ ಭಾಗ ಚಿಕ್ಕದಿರಲಿ. ಇಲ್ಲದಿದ್ದರೆ ಅದು ಒಳಗೆ ಕೂರದೆ ಸೊಟ್ಟಗಾಗುತ್ತದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಡಬ್ಬಿ ಮಾಡುವವರು ಗೀರುಗಳನ್ನೆಲ್ಲ ಮೊದಲು ಹಾಕಿ ಆಮೇಲೆ ಕತ್ತರಿ ಹಿಡಿಯಿರಿ. ಕತ್ತರಿಸಿದ ಹಾಳೆಯ ಕಿವಿಗಳು ಸ್ಕೇಲಿನಡಿ ನಿಲ್ಲುವುದಿಲ್ಲ.

ಆದರೂ ಒಡೆದರೆ

ನಡುವೆ ಬಿಳಿಯಿದ್ದು ಮೈಗಷ್ಟೇ ಬಣ್ಣ ಹಚ್ಚಿದ ಶೀಟು, ಹೊಳಪಿನ ಲೇಪವಿರುವ ಶೀಟು ಇವೆರಡೂ ಎಷ್ಟೇ ಜಾಗ್ರತೆ ಮಾಡಿದರೂ ಕೆಲವೊಮ್ಮೆ ಕೈಕೊಡುತ್ತವೆ. ಹಾಳೆ ತುಂಬಾ ಒಣಗಿದ್ದರೆ ಇನ್ನೂ ಹೆಚ್ಚು. ಕೊಳ್ಳುವಾಗಲೇ ಅಂಚನ್ನು ನೋಡಿ, ಒಳಗೂ ಅದೇ ಬಣ್ಣವಿದ್ದರೆ ಬಿರುಕು ಬಿಟ್ಟರೂ ಎದ್ದು ಕಾಣುವುದಿಲ್ಲ. ಒಡೆದದ್ದಕ್ಕೆ ಅದೇ ಬಣ್ಣದ ಪೆನ್ಸಿಲ್ಲನ್ನು ಅಡ್ಡ ಹಿಡಿದು ಬೆನ್ನಿಗೆ ಉಜ್ಜಿ. ಸ್ಕೆಚ್ ಪೆನ್ನು ಬೇಡ, ಒಡೆದ ನಾರು ಇಂಕು ಕುಡಿದು ಗೆರೆ ಇನ್ನೂ ಅಗಲವಾಗುತ್ತದೆ. ನನ್ನ 60 ಕಾರ್ಡಿಗೆ ಪೆನ್ಸಿಲ್ಲೂ ಸಾಲಲಿಲ್ಲ, ಬೆನ್ನಿಗೆಲ್ಲ ಕಿರಿದಾದ ಜರಿ ರಿಬ್ಬನ್ ಅಂಟಿಸಿ ಮಾನ ಉಳಿಸಿಕೊಂಡೆ.

ಮಡಚಿದ ಕಾರ್ಡುಗಳನ್ನು ಹತ್ತತ್ತರ ಕಟ್ಟು ಮಾಡಿ, ಒಂದರ ಬೆನ್ನು ಎಡಕ್ಕೆ ಇನ್ನೊಂದರದು ಬಲಕ್ಕೆ ಬರುವಂತೆ ಜೋಡಿಸಿ, ಮೇಲೆ ಭಾರದ ಪುಸ್ತಕವಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎತ್ತಿದರೆ ಬಾಯಿ ಬಿಡದೆ ಚಪ್ಪಟೆಯಾಗಿ ಕೂತಿರುತ್ತವೆ.