ಆ್ಯಪ್ ಹಿಡಿದು ಹಳ್ಳಿಗೆ ಹೊರಟಿರುವ ಯುಎಕ್ಸ್ ಗೆಳೆಯರಿಗೆ

ಬೆಂಗಳೂರಿನ ಆಫೀಸಿನಲ್ಲಿ ಕೂತು ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ ಆ್ಯಪಿನ ಸ್ಕ್ರೀನ್ ಬಿಡಿಸುವ ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯನ್ಸ್, ಅಂದರೆ ಬಳಸುವವರ ಅನುಭವ) ಕೆಲಸದ ಹುಡುಗರು ಮೊದಲ ಸಲ ಊರ ಕಡೆ ಯೂಸರ್ ಟೆಸ್ಟಿಂಗ್‌ಗೆ, ಅಂದರೆ ಜನ ಆ್ಯಪನ್ನು ಹೇಗೆ ಬಳಸುತ್ತಾರೆ ಅಂತ ಕೂತು ನೋಡೋಕೆ, ಹೊರಟಾಗ ನನಗೆ ಫೋನ್ ಮಾಡುತ್ತಾರೆ. ‘ಏನೇನ್ ಕೇಳ್ಬೇಕು ಅಂತ ಒಂದು ಪಟ್ಟಿ ಕಳಿಸಿ ಅಕ್ಕಾ’ ಅನ್ನುತ್ತಾರೆ. ನಾನು ಕಳಿಸುವುದಿಲ್ಲ. ಈ ಕೆಲಸದಲ್ಲಿ ಕೇಳೋದು ಕಮ್ಮಿ ಆದಷ್ಟೂ ಒಳ್ಳೇದು. ನಮ್ಮ ಜನ ಮನೆಗೆ ಬಂದವರ ಮನಸ್ಸು ನೋಯಿಸುವವರಲ್ಲ. ‘ಹೇಗಿದೆ ಆ್ಯಪು?’ ಅಂದರೆ ‘ಚೆನ್ನಾಗೈತೆ ಬಿಡಿ’ ಅಂತಾರೆ, ಕಾಫಿ ಕೊಡ್ತಾರೆ, ಕಳಿಸ್ತಾರೆ. ಅದನ್ನೇ ಆಫೀಸಿಗೆ ತಂದು ‘ಎಲ್ಲರಿಗೂ ಇಷ್ಟ ಆಯ್ತು’ ಅಂತ ಸ್ಲೈಡ್ ಮಾಡಿದರೆ ಬಸ್ ಚಾರ್ಜು ದಂಡ.

ಇದು ನನ್ನೊಬ್ಬಳ ಮಾತಲ್ಲ. ಸಂಶೋಧಕಿ ನಿಕೋಲಾ ಡೆಲ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಗಡಿಗರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 450 ಜನರನ್ನು ಮಾತಾಡಿಸಿ. ತಂತ್ರಜ್ಞಾನದ ಎರಡು ವಸ್ತು ತೋರಿಸುವುದು, ಅದರಲ್ಲಿ ಒಂದು ತಾನೇ ಮಾಡಿದ್ದು ಅಂತ ಕೇಳುವವರು ಸುಳಿವು ಕೊಡುವುದು. ಎರಡೂ ತದ್ರೂಪು ಒಂದೇ ಆಗಿದ್ದರೂ, ಕೇಳುವವರದ್ದೇ ಚೆನ್ನಾಗಿದೆ ಅನ್ನುವ ಸಾಧ್ಯತೆ ಸುಮಾರು 2.5 ಪಟ್ಟು ಜಾಸ್ತಿ ಇತ್ತು. ಕೇಳುವವರು ವಿದೇಶಿಯಾಗಿದ್ದು ನಡುವೆ ದುಭಾಷಿ ಇದ್ದರೆ 5 ಪಟ್ಟು. ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಕಾರಿನಿಂದ ಇಳಿಯುವ ನೀವೂ ಅವರ ಪಾಲಿಗೆ ಅರ್ಧ ವಿದೇಶಿಯೇ.

ಹಾಗಾಗಿ ನಾನು ಹೇಳುವುದೆಲ್ಲ ಈ ದಾಕ್ಷಿಣ್ಯವನ್ನು ದಾಟುವ ಉಪಾಯಗಳು. ಉದಾಹರಣೆಗೆ ಹಾಸನದ ಕಡೆ ಡೈರಿಗೆ ಹಾಲು ಹಾಕುವವರಿಗೆ ಅಂತ ನಮ್ಮ ಟೀಮು ಮಾಡಿದ ಒಂದು ಆ್ಯಪ್ ಇಟ್ಟುಕೊಳ್ಳೋಣ. ಎರಡು ಹೊತ್ತು ಹಾಕಿದ ಹಾಲು, ಫ್ಯಾಟು, ದರ, ಬಟವಾಡೆ, ಇಷ್ಟೇ ಅದರಲ್ಲಿ ಇರೋದು.

ಹೊರಡುವ ಮುಂಚೆ

ಒಂದು ಹಾಳೆ ತೆಗೆದುಕೊಳ್ಳಿ. ವಾಪಸ್ ಬಂದ ಮೇಲೆ ಯಾವ ತೀರ್ಮಾನ ಮಾಡಬೇಕು ಅಂತ ಅದರಲ್ಲಿ ಬರೆಯಿರಿ. ‘ಬಳಕೆದಾರರನ್ನು ಅರ್ಥ ಮಾಡಿಕೊಳ್ಳುವುದು’ ಅಂತ ಬರೆದಿದ್ದರೆ ಹರಿದು ಹಾಕಿ. ‘ಬಟವಾಡೆ ಲೆಕ್ಕ ಮೊದಲ ಸ್ಕ್ರೀನಿನಲ್ಲೇ ಇರಬೇಕಾ, ಒಳಗಿದ್ದರೆ ನಡೆಯುತ್ತಾ?’ ಇದು ಸರಿ. ಉತ್ತರ ಸಿಕ್ಕಿದ ದಿನ ಏನೋ ಒಂದು ಬದಲಾಗಬೇಕು.

ಆಮೇಲೆ ಅವರಿಗೆ ಕೊಡುವ ಕೆಲಸಗಳನ್ನು ಬರೆಯಿರಿ. ಮೂರು ಸಾಕು. ‘ಪಾವತಿ ವಿವರಕ್ಕೆ ಹೋಗಿ’ ಅಂದರೆ ಉತ್ತರ ನೀವೇ ಹೇಳಿಕೊಟ್ಟಂಗಾಯ್ತು. ಅವರು ಆ ಅಕ್ಷರ ಎಲ್ಲಿದೆ ಅಂತ ಹುಡುಕಿ ಒತ್ತುತ್ತಾರೆ. ‘ಹೋದ ಸಲ ಹಾಲಿನ ದುಡ್ಡು ಎಷ್ಟು ಬಂತು, ಇದರಲ್ಲಿ ನೋಡಿ ಹೇಳಿ’ ಅನ್ನಿ. ಸ್ಕ್ರೀನಿನ ಮೇಲಿರುವ ಹೆಸರು ಯಾವುದೂ ನಿಮ್ಮ ಬಾಯಲ್ಲಿ ಬರಬಾರದು.

ಪ್ರೋಟೋಟೈಪಿನೊಳಗಿನ (ಪೂರ್ತಿ ಆ್ಯಪ್ ಆಗುವ ಮುಂಚಿನ ಮಾದರಿಯ) ಅಂಕಿಗಳನ್ನು ಒಂದೊಂದಾಗಿ ಕೂಡಿಸಿ, ಗುಣಿಸಿ ನೋಡಿ. ಸುಮ್ನೆ ಹೇಳ್ತಿಲ್ಲ. ಡಿಸೈನರ್‌ಗಳು ಕೈಗೆ ಬಂದ ಸಂಖ್ಯೆ ತುಂಬುತ್ತಾರೆ: 6 ಲೀಟರ್, ಲೀಟರಿಗೆ 36 ರೂಪಾಯಿ, ಒಟ್ಟು 240. ನೀವು ಕೆಲಸ ವಿವರಿಸಿ ಮುಗಿಸುವ ಮುಂಚೆಯೇ ಎದುರಿಗಿರುವ ಹೆಂಗಸರು ಬಾಯಿಲೆಕ್ಕದಲ್ಲಿ 216 ಅಂದಿರುತ್ತಾರೆ. ಅಲ್ಲಿಂದ ಮುಂದೆ ಅವರ ಗಮನವೆಲ್ಲ ಆ 24 ರೂಪಾಯಿ ಎಲ್ಲಿಂದ ಬಂತು ಅನ್ನೋದರ ಮೇಲೆ. ನಿಮ್ಮ ಬಟನ್ ಯಾರಿಗೆ ಬೇಕು?

ಎಷ್ಟು ಜನ ಬೇಕು ಅಂತ ಎಲ್ಲರೂ ಕೇಳುತ್ತಾರೆ. 5 ಜನರನ್ನು ನೋಡಿದರೆ ಸುಮಾರು 85% ತೊಂದರೆಗಳು ಸಿಗುತ್ತವೆ ಅಂತ ಯೂಸಬಿಲಿಟಿ (ಬಳಕೆಯ ಸುಲಭತೆ) ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ನಮ್ಮ ಕಸುಬಿನವರಿಗೆ ಬಾಯಿಪಾಠ. ಅದೇ ಲೇಖನದಲ್ಲಿ ಅವರು ಇನ್ನೊಂದು ಮಾತು ಹೇಳಿದ್ದಾರೆ. ಬಳಸುವವರು ಬೇರೆ ಬೇರೆ ಥರದವರಾಗಿದ್ದರೆ ಪ್ರತಿ ಥರದಿಂದಲೂ ಮೂರ್ನಾಲ್ಕು ಜನ ಬೇಕು ಅಂತ. ಈ ಮಾತು ಯಾರಿಗೂ ನೆನಪಿರಲ್ಲ. ನಮ್ಮ ಡೈರಿ ಆ್ಯಪಿನಲ್ಲಿ ಹಾಲು ಕರೆದು ಹಾಕುವವರು ಹೆಂಗಸರು, ಫೋನ್ ಹಿಡಿದಿರುವವನು ಮಗ, ಲೆಕ್ಕ ಬರೆಯುವವರು ಸಂಘದ ಕಾರ್ಯದರ್ಶಿ. ಮೂರೂ ಬೇರೆ.

ಜನರನ್ನು ಸೇರಿಸಿಕೊಡಿ ಅಂತ ಕಾರ್ಯದರ್ಶಿಯವರಿಗೆ ಪೂರ್ತಿ ಬಿಡಬೇಡಿ. ಊರ ಮರ್ಯಾದೆ ಪ್ರಶ್ನೆ ಅಂತ ಡಿಗ್ರಿ ಓದಿದವರನ್ನೇ ಕರೆಸಿ ಕೂರಿಸುತ್ತಾರೆ. ಅರ್ಧ ಜನರನ್ನು ಅವರು ಹೇಳಲಿ. ಉಳಿದವರನ್ನು ಬೆಳಿಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಸಾಲಿನಲ್ಲಿ ನೀವೇ ಮಾತಾಡಿಸಿ ಗೊತ್ತು ಮಾಡಿಕೊಳ್ಳಿ. ಕೂರುವುದು ಮಾತ್ರ ಆಮೇಲೆ. ಬೆಳಿಗ್ಗೆ ಹಾಲು ಹಾಕಿ, ತಿಂಡಿ ಮುಗಿಸಿ, ಹತ್ತು ಗಂಟೆ ಮೇಲೆ ಪುರುಸೊತ್ತು. ಸಂಜೆ ನಾಲ್ಕರ ನಂತರ ಯಾರನ್ನೂ ಹಿಡಿದು ಕೂರಿಸಬೇಡಿ, ಹಸು ಕಾಯಲ್ಲ.

ಅವರ ಹೊತ್ತಿಗೆ ದುಡ್ಡು ಕೊಡಿ. ಅರ್ಧ ದಿನದ ಕೂಲಿಗೆ ಕಮ್ಮಿ ಇರಬಾರದು. ಮುಖ್ಯವಾಗಿ, ಶುರುವಿನಲ್ಲೇ ಕವರ್ ಕೈಗೆ ಕೊಡಿ. ‘ನಡುವೆ ಸಾಕು ಅನ್ಸಿದ್ರೆ ಎದ್ದು ಹೋಗಿ, ಇದು ನಿಮ್ಮದೇ’ ಅನ್ನಿ. ಕೊನೆಗೆ ಕೊಡ್ತೀವಿ ಅಂದರೆ ಆ ದುಡ್ಡಿನ ಋಣಕ್ಕೂ ಸೇರಿಸಿ ಹೊಗಳುತ್ತಾರೆ.

ಫೋನ್ ಅವರದೇ ಇರಲಿ

ನಿಮ್ಮ ಹೊಸ ಫೋನಿನಲ್ಲಿ ತೋರಿಸಿದರೆ ಅರ್ಧ ತೊಂದರೆ ಕಾಣೋದೇ ಇಲ್ಲ. ಹಳ್ಳಿಯ ಫೋನಿನಲ್ಲಿ ಗಾಜು ಬಿರುಕು ಬಿಟ್ಟಿರುತ್ತೆ, ಜಾಗ ತುಂಬಿರುತ್ತೆ. ಕನ್ನಡ ಮಾತ್ರ ಓದುವವರ ಫೋನೂ ಇಂಗ್ಲಿಷಿನಲ್ಲೇ ಇರುತ್ತೆ, ಅಂಗಡಿ ಹುಡುಗ ಹಾಕಿಕೊಟ್ಟ ಹಾಗೆ. ಕಣ್ಣು ಮಂಜಾದವರ ಫೋನಿನಲ್ಲಿ ಮಗಳೋ ಮೊಮ್ಮಗನೋ ಅಕ್ಷರದ ಗಾತ್ರ ಪೂರ್ತಿ ಏರಿಸಿಟ್ಟಿರುತ್ತಾರೆ. ಆಂಡ್ರಾಯ್ಡ್ 14ರಿಂದ ಅದನ್ನು 200%ವರೆಗೂ ಏರಿಸಬಹುದು.

ಕನ್ನಡ ಸ್ಕ್ರೀನ್ ಮುರಿದು ಬೀಳುವುದು ಇಲ್ಲೇ. ಇಂಗ್ಲಿಷ್ ಅಕ್ಷರಕ್ಕೆ ಅಂತ ಎತ್ತರ ಗಟ್ಟಿ ಮಾಡಿಟ್ಟ ಬಟನ್ನಿನಲ್ಲಿ ‘ಒಟ್ಟು ಮೊತ್ತ’ ಅಂತ ಹಾಕಿ, ಅಕ್ಷರ ದೊಡ್ಡದು ಮಾಡಿ ನೋಡಿ. ಕೆಳಗಿನ ಒತ್ತುಗಳು ಕತ್ತರಿಸಿ ಹೋಗಿ ‘ಒಟು ಮೊತ’ ಉಳಿಯುತ್ತೆ. ‘ಲಕ್ಷ್ಮಮ್ಮ’ ಅನ್ನೋ ಹೆಸರಿನಲ್ಲಂತೂ ಒತ್ತಿನ ಕೆಳಗೆ ಇನ್ನೊಂದು ಒತ್ತು. ಎತ್ತರ ಕಟ್ಟಿಹಾಕಬೇಡಿ, ಅಕ್ಷರ ಬೆಳೆದಂತೆ ಡಬ್ಬಿಯೂ ಬೆಳೆಯಲಿ. ಪಟ್ಟಿಯ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಟೆಸ್ಟ್ ಹೆಸರುಗಳಿಗೆ ‘ರವಿ’, ‘ಉಮಾ’ ಬೇಡ. ಒತ್ತು ಜಾಸ್ತಿ ಇರುವ, ಉದ್ದದ ಹೆಸರು ಹಾಕಿ.

ಹೊರಗೆ ಜಗುಲಿಯ ಬಿಸಿಲಲ್ಲೂ ಒಮ್ಮೆ ನೋಡಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು ಅಂತ ವೆಬ್ ಆ್ಯಕ್ಸೆಸಿಬಿಲಿಟಿ ಮಾರ್ಗಸೂಚಿ ಹೇಳುತ್ತೆ. ಬಿಳಿ ಮೇಲೆ ತಿಳಿ ಬೂದು ಬಣ್ಣ ಬಳಿಯುವ ಚಟ ಇದ್ದವರಿಗೆ ಜಗುಲಿಯೇ ಬುದ್ಧಿ ಕಲಿಸುತ್ತೆ.

ಕೂತ ಮೇಲೆ

ಕಂಪನಿ ಹೆಸರಿನ ಟೀಶರ್ಟ್ ಹಾಕಿಕೊಂಡು ಹೋಗಬೇಡಿ. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಇಬ್ಬರಿಗಿಂತ ಜಾಸ್ತಿ ಹೋಗಬೇಡಿ: ಒಬ್ಬರು ಮಾತಿಗೆ, ಒಬ್ಬರು ಬರೆಯೋಕೆ.

ಮೊದಲ ಮಾತು ಹೀಗಿರಲಿ: ‘ಅಮ್ಮಾ, ಈ ಆ್ಯಪ್‌ನಲ್ಲಿ ತಪ್ಪುಗಳಿದಾವೆ. ಎಲ್ಲಿದಾವೆ ಅಂತ ಹುಡುಕೋದು ನನ್ನ ಕೆಲಸ. ನಿಮಗೆ ಎಲ್ಲಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಅದು ನಮ್ಮ ತಪ್ಪು, ನಿಮ್ಮದಲ್ಲ. ನೀವು ತಪ್ಪು ತೋರಿಸಿದಷ್ಟೂ ನನ್ನ ಕೆಲಸ ಹಗುರ.’ ಇದರಲ್ಲಿ ಸುಳ್ಳಿಲ್ಲ, ಮತ್ತೆ ದಾಕ್ಷಿಣ್ಯವನ್ನೇ ನಿಮ್ಮ ಕಡೆ ತಿರುಗಿಸಿಕೊಂಡಿದ್ದೀರಿ. ಬಂದವರಿಗೆ ಸಹಾಯ ಮಾಡಬೇಕು ಅಂದರೆ ಈಗ ತಪ್ಪು ಹೇಳಬೇಕು.

ಒಪ್ಪಿಗೆ ಕೇಳುವುದನ್ನು ಕಾಟಾಚಾರ ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಾಗಲಿ (ಕನ್ನಡವೂ ಅದರಲ್ಲಿದೆ) ಪಡೆಯುವ ಅವಕಾಶ ಜನರಿಗೆ ಇರಬೇಕು. ಕನ್ನಡದಲ್ಲಿ ಬರೆದುಕೊಂಡು ಹೋಗಿ, ಓದಿ ಹೇಳಿ. ವಿಡಿಯೋ ತೆಗೆಯುವುದಾದರೆ ಅದಕ್ಕೆ ಬೇರೆಯಾಗಿ ಕೇಳಿ. ನಾನು ಕೈ ಮತ್ತು ಸ್ಕ್ರೀನ್ ಮಾತ್ರ ತೆಗೆಯುತ್ತೇನೆ, ಮುಖ ಬೇಡವೇ ಬೇಡ. ಬ್ಯಾಂಕ್ ಮೆಸೇಜು, ಓಟಿಪಿ ಕಂಡ ತಕ್ಷಣ ಕ್ಯಾಮೆರಾ ತಿರುಗಿಸಿ.

ಪಠ್ಯಪುಸ್ತಕದಲ್ಲಿ, ಬಳಸುವವರಿಗೆ ಮನಸ್ಸಿನಲ್ಲಿ ಅನ್ನಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಅನ್ನಬೇಕು ಅಂತಿರುತ್ತೆ. ನಮ್ಮೂರುಗಳಲ್ಲಿ ಅದು ಆಗೋದು ಕಷ್ಟ. ತನ್ನಷ್ಟಕ್ಕೆ ತಾನೇ ಮಾತಾಡು ಅಂದರೆ ಯಾರಿಗಾದರೂ ನಾಚಿಕೆ ಅಲ್ವಾ? ಅದರ ಬದಲು ಇಬ್ಬರನ್ನು ಜೋಡಿ ಕೂರಿಸಿ, ಒಂದೇ ಫೋನ್ ಕೊಡಿ. ‘ಅಯ್ಯೋ ಅದಲ್ಲ ಕಣೇ, ಮೇಲಿಂದು ಒತ್ತು’, ‘ಅದೊತ್ತಿದ್ರೆ ದುಡ್ಡು ಹೋಯ್ತದೆ, ಬೇಡ’ ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ. ನಿಮಗೆ ಬೇಕಾದ್ದು ಆ ಮಾತೇ. ಜೋಡಿಗೆ ಅಕ್ಕಪಕ್ಕದ ಮನೆಯವರು ಒಳ್ಳೇದು, ವಾರಗಿತ್ತಿಯರೂ ಆಗುತ್ತೆ. ಅತ್ತೆ ಸೊಸೆಯನ್ನು ಮಾತ್ರ ಜೋಡಿ ಮಾಡಬೇಡಿ. ಒಬ್ಬರೇ ಮಾತಾಡ್ತಾರೆ.

ಕೆಲಸ ಹೇಳಿದ ಮೇಲೆ ನೀವು ಬಾಯಿ ಮುಚ್ಚಿಕೊಳ್ಳಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ಬೆರಳು ಸರಿಯಾದ ಬಟನ್ ಹತ್ತಿರ ಬಂದು ವಾಪಸ್ ಹೋದಾಗ ನಾಲಿಗೆ ತುದಿಗೆ ಬಂದಿರುತ್ತೆ. ನುಂಗಿಕೊಳ್ಳಿ. ‘ಇದನ್ನ ಒತ್ಲಾ?’ ಅಂತ ಕೇಳಿದರೆ ಹೌದು, ಅಲ್ಲ ಅನ್ನದೆ ‘ನಾವಿಲ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ?’ ಅನ್ನಿ. ಉತ್ತರ ಎಷ್ಟೋ ಸಲ ‘ಮಗನ್ನ ಕೇಳ್ತಿದ್ದೆ’ ಅಂತ ಬರುತ್ತೆ. ಅದನ್ನೂ ಬರೆದುಕೊಳ್ಳಿ. ಆ ಮಗ ಅಲ್ಲೇ ಬಂದು ಫೋನ್ ಕಿತ್ತುಕೊಂಡರೆ ಬೈದು ಓಡಿಸಬೇಡಿ. ‘ನಿಂಗೆ ಬೇರೆ ಕೆಲಸ ಇದೆ ಬಾಪ್ಪಾ’ ಅಂತ ಬರೆಯುವವರ ಜೊತೆ ಆಚೆ ಕಳಿಸಿ. ಅವನೂ ಬಳಸುವವನೇ ತಾನೆ.

ಕಣ್ಣಿಟ್ಟು ನೋಡಬೇಕಾದ್ದು ಏನು ಅಂತ ಹೇಳ್ತೀನಿ. ಒಬ್ಬ ಅಮ್ಮನಿಗೆ ಹೋದ ಬಟವಾಡೆ ನೋಡಿ ಅಂದೆವು. ಮೊದಲ ಸ್ಕ್ರೀನಿನಲ್ಲಿ ತಿಂಗಳ ಲೆಕ್ಕದ ಗ್ರಾಫ್ ಇತ್ತು, ನಮ್ಮ ಟೀಮಿಗೆ ಅದರ ಮೇಲೆ ಭಾರಿ ಹೆಮ್ಮೆ. ಅಮ್ಮ ಹೆಬ್ಬೆರಳಲ್ಲಿ ಅದನ್ನು ನಿಲ್ಲದೆ ಮೇಲಕ್ಕೆ ತಳ್ಳಿದರು. ಪಟ್ಟಿ ಬಂತು. ಫೋನನ್ನು ಮಡಿಲಲ್ಲಿಟ್ಟು ಒಳಗೆ ಹೋಗಿ ಗೂಡಿನಲ್ಲಿದ್ದ ಹಾಲಿನ ಪುಸ್ತಕ ತಂದರು ಅಂತ ಬರೆದುಕೊಂಡಿದ್ದ ನಮ್ಮ ಹುಡುಗಿ, ‘ಮಡಿಲಲ್ಲಿಟ್ಟು’ ಅನ್ನೋದನ್ನು ಹೊಡೆದು ಹಾಕಿ ‘ಜಗುಲಿ ಮೇಲಿಟ್ಟು’ ಅಂತ ತಿದ್ದಿದ್ದಳು. ಟಿಪ್ಪಣಿ ಅಂದರೆ ಹಾಗಿರಬೇಕು. ಪುಸ್ತಕದಲ್ಲಿ ಎಡಕ್ಕೆ ತಾರೀಕು, ಆಮೇಲೆ ಬೆಳಿಗ್ಗೆ, ಸಂಜೆ. ಹಳೇದು ಮೇಲೆ, ಹೊಸದು ಕೆಳಗೆ. ಅಮ್ಮ ಪುಸ್ತಕದ ಕೊನೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಫೋನಿನ ಪಟ್ಟಿಯನ್ನು ಕೊನೇವರೆಗೂ ಎಳೆದರು. ಆ್ಯಪಿನಲ್ಲಿ ಹೊಸದು ಮೇಲಿತ್ತು, ಎಲ್ಲ ಆ್ಯಪುಗಳ ಹಾಗೆ. ಕೆಳಗೆ ಕಂಡ ತಿಂಗಳ ಹಿಂದಿನ ಹಾಲನ್ನೇ ಇವತ್ತಿನದು ಅಂದುಕೊಂಡು, ‘ಇದ್ರಲ್ಲಿ ಕಮ್ಮಿ ತೋರಿಸ್ತದಲ್ಲ’ ಅಂತ ಮೆಲ್ಲಗೆ ಅಂದರು. ಕೊನೆಗೆ ಹೇಗಿದೆ ಅಂತ ನಮ್ಮ ಜೊತೆ ಬಂದವರೊಬ್ಬರು ಕೇಳಿಯೇಬಿಟ್ಟರು. ‘ಚೆನ್ನಾಗೈತೆ’ ಅಂತ ಬಂತು.

ಇನ್ನೊಂದು ಮಾತೂ ಅಲ್ಲೇ ಬಂತು: ‘ನಮ್ಮ ಐದ್ರೂಪಾಯಿ ಎಲ್ಲಿ?’ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಡೈರಿಯ ಬಟವಾಡೆ ಜೊತೆ ಬರುವುದಿಲ್ಲ, ಬೇರೆಯಾಗಿ ಖಾತೆಗೆ ಬೀಳುತ್ತೆ. ಆ್ಯಪಿನ ಒಟ್ಟಿನಲ್ಲಿ ಅದು ಸೇರಿರಲಿಲ್ಲ, ಸೇರಿಲ್ಲ ಅಂತ ಹೇಳಿಯೂ ಇರಲಿಲ್ಲ. ಒಂದೇ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಆ ಸಾಲು ಬೇಕು ಅಂತ ಆಫೀಸಿನ ಮೀಟಿಂಗಿನಲ್ಲಿ ಯಾರಿಗೂ ಹೊಳೆಯಲ್ಲ.

ಮುಗಿಸುವ ಮುಂಚೆ ‘ಪಕ್ಕದ ಮನೆಯವರಿಗೆ ಇದನ್ನ ಹೇಳಿಕೊಡಿ’ ಅನ್ನಿ. ಹೇಗಿದೆ ಅಂತ ಕೇಳುವುದಕ್ಕಿಂತ ಹತ್ತು ಪಾಲು ವಾಸಿ. ಯಾವುದನ್ನು ಬಿಟ್ಟು ಹೇಳುತ್ತಾರೋ ಅದು ಅವರಿಗೆ ಅರ್ಥ ಆಗಿಲ್ಲ, ಇಲ್ಲಾ ಬೇಕಾಗಿಲ್ಲ. 1986ರಲ್ಲಿ ಜಾನ್ ಬ್ರೂಕ್ ಮಾಡಿದ 10 ವಾಕ್ಯಗಳ ಎಸ್‌ಯುಎಸ್ (ಸಿಸ್ಟಂ ಯೂಸಬಿಲಿಟಿ ಸ್ಕೇಲ್, ಬಳಕೆ ಎಷ್ಟು ಸುಲಭ ಅಂತ ಅಳೆಯೋದು) ಪ್ರಶ್ನಾವಳಿಯನ್ನು ನಾನು ಊರಲ್ಲಿ ತೆಗೆಯುವುದಿಲ್ಲ. ಒಂದು ವಾಕ್ಯ ಹೊಗಳೋದು, ಮುಂದಿನದು ತೆಗಳೋದು, ಎಲ್ಲಕ್ಕೂ 1ರಿಂದ 5ರಲ್ಲಿ ಅಂಕ. ಓದಿ ಹೇಳುವ ನಮಗೇ ತಲೆ ತಿರುಗುತ್ತೆ.

ಅವತ್ತೇ ಸಂಜೆ

ಬರೆಯೋದನ್ನು ನಾಳೆಗೆ ಇಡಬೇಡಿ. ಬಸ್ ಸ್ಟ್ಯಾಂಡ್ ಹೋಟೆಲ್ಲಿನಲ್ಲಿ ಕೂತು ಇಬ್ಬರೂ ಟಿಪ್ಪಣಿ ಹೋಲಿಸಿ. ಕೈ ಏನು ಮಾಡಿತು, ಬಾಯಿ ಏನು ಹೇಳಿತು, ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಎರಡೂ ತಾಳೆ ಆಗದಿದ್ದರೆ ಕೈಯನ್ನು ನಂಬಿ. ಆಮೇಲೆ ವಿಂಗಡಿಸಿ: ಯಾವುದರಿಂದ ಕೆಲಸ ನಿಂತೇ ಹೋಯ್ತು, ಯಾವುದರಿಂದ ತಡ ಆಯ್ತು, ಯಾವುದು ಬರೀ ಇಷ್ಟ ಆಗಲಿಲ್ಲ. ದುಡ್ಡಿನ ಲೆಕ್ಕ ತಪ್ಪಾಗಿ ಅರ್ಥ ಆದದ್ದು ಯಾವಾಗಲೂ ಮೊದಲ ಗುಂಪಿಗೆ ಹೋಗಲಿ, ಕೆಲಸ ಮುಗಿದಂಗೆ ಕಂಡರೂ.

ಆಫೀಸಿನಲ್ಲಿ ಉದ್ದ ರಿಪೋರ್ಟ್ ಯಾರೂ ಓದಲ್ಲ. ಎರಡು ಪುಟ, ಜೊತೆಗೆ ಒಪ್ಪಿಗೆ ಪಡೆದು ತೆಗೆದ ಅರ್ಧ ನಿಮಿಷದ ಎರಡು ಮೂರು ವಿಡಿಯೋ ತುಣುಕು ಸಾಕು. ‘ಟ್ರೈನಿಂಗ್ ಕೊಟ್ರೆ ಸರಿ ಹೋಗುತ್ತೆ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಪ್ರತಿ ಊರಿಗೂ ಹೋಗಿ ಕಲಿಸೋ ಖರ್ಚು ಎಷ್ಟು, ಪಟ್ಟಿಯ ಕ್ರಮ ತಿರುಗಿಸೋ ಖರ್ಚು ಎಷ್ಟು ಅಂತ ಎರಡನ್ನೂ ಪಕ್ಕಪಕ್ಕ ಬರೆದಿಡಿ, ಜಗಳ ಬೇಡ.

ಸರಿಪಡಿಸಿದ ಮೇಲೆ ಮತ್ತೆ ಹೋಗಬೇಕು, ಆದರೆ ಹೊಸಬರ ಹತ್ತಿರ. ಹಳಬರು ಹೋದ ಸಲದ ನೆನಪಿನಲ್ಲಿ ದಾಟಿಬಿಡುತ್ತಾರೆ. ಅವರಿಗೆ ಏನೇನು ಬದಲಾಯ್ತು ಅಂತ ಕಾರ್ಯದರ್ಶಿಯವರ ಮೂಲಕ ತಿಳಿಸಿ, ಅಷ್ಟು ಮರ್ಯಾದೆ ಕೊಡಬೇಕು. ಈ ಸಲ ಡೆವಲಪರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಟಿಪ್ಪಣಿ ಬರೆಯುವ ಕೆಲಸ ಅವರಿಗೇ ಕೊಡಿ. ಬಾಯಿ ಬಿಡಬಾರದು ಅನ್ನೋ ಷರತ್ತು ಬಸ್ಸು ಹತ್ತುವ ಮುಂಚೆಯೇ ಹಾಕಿ.